ಬಾಗಿಲಿಗೆ ತೂಗಿದ ಲೆಕ್ಕದ ಪುಸ್ತಕ

ಇಡೀ ಬಳ್ಳಾರಿಯಲ್ಲಿ ಲೆಕ್ಕದ ಪುಸ್ತಕಕ್ಕೂ ಬೆಣ್ಣೆಯ ಗಡಿಗೆಗೂ ಒಂದೇ ಮರ್ಯಾದೆ ಕೊಟ್ಟವರು ಯಾರಾದರೂ ಇದ್ದರೆ ಅದು ನಮ್ಮ ಸೋದರತ್ತೆ ಒಬ್ಬರೇ! ಉತ್ಪ್ರೇಕ್ಷೆ ಎನ್ನಬೇಡಿ. ಸುಳ್ಳು ಹೇಳಬಾರದೆಂದು ಕಾನ್ವೆಂಟಿನ ಸಿಸ್ಟರುಗಳು ನನಗೆ ಕಲಿಸಿದ್ದಾರೆ. ಕಲಿತ ಮೇಲೂ ಒಂದು ದೊಡ್ಡ ಸುಳ್ಳು ಹೇಳಿದ್ದುಂಟು. ಅದನ್ನು ಇದೇ ಅತ್ತೆಯ ಮುಂದೆ ಹೇಳಿದೆನಾದ್ದರಿಂದ ಅದು ಅರೆಗಳಿಗೆಯೂ ಬದುಕಲಿಲ್ಲ. ಆ ಕತೆ ಮುಂದೆ ಬರುತ್ತದೆ.

ಅತ್ತೆ ನಮ್ಮ ತಂದೆಯ ಅಕ್ಕ. ಅವರನ್ನು ಕೊಟ್ಟದ್ದು ಸಿರುಗುಪ್ಪಕ್ಕೆ. ಒಂಬತ್ತಕ್ಕೆ ಮದುವೆ, ಇಪ್ಪತ್ತಕ್ಕೆ ವೈಧವ್ಯ, ಅಕ್ಷರ ಮಾತ್ರ ಒಂದೂ ಇಲ್ಲ. ನನ್ನ ತಾಯಿ ಮೂರು ದಿನದ ಜ್ವರದಲ್ಲಿ ತೀರಿಕೊಂಡು ಮೂರು ತಿಂಗಳಾಗಿದ್ದಾಗ, ಬ್ರೂಸ್‌ಪೇಟೆಯ ನಮ್ಮ ಮನೆಯ ಮುಂದೆ ಅವರ ಗಾಡಿ ಬಂದು ನಿಂತಿತು. ಗಾಡಿಯಲ್ಲಿ ಒಂದು ಬಟ್ಟೆಯ ಗಂಟು, ಒಂದು ಬೀಸುವ ಕಲ್ಲು, ಆಳೆತ್ತರದ ಪುಂಡಿನಾರಿನ ಹೊರೆ.

"ಅಕ್ಕಾ, ನಮ್ಮನಿಯಾಗ ಬೀಸೋ ಕಲ್ಲು ಇಲ್ಲೇನು?" ಎಂದರು ತಂದೆ.

"ಐತಿ. ಆದ್ರ ಅದಕ್ಕ ನನ್ನ ಕೈ ಗೊತ್ತಿಲ್ಲ."

"ಮತ್ತ ಈ ನಾರು?"

"ಸುಮ್ನ ಕುಂತಾಗ ಏನ್ ಮಾಡ್ಲೋ ತಮ್ಮಾ?"

ಅವರು ಸುಮ್ಮನೆ ಕೂತದ್ದನ್ನು ಯಾರು ಕಂಡಿದ್ದಾರೆ! ಮಾತಾಡುವಾಗ ಹಗ್ಗ ಹೊಸೆಯುತ್ತಿದ್ದರು, ತೂಕಡಿಸುವಾಗಲೂ ಹೊಸೆಯುತ್ತಿದ್ದರು. ಬಂದ ದಿನ ಸಂಜೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ನನ್ನ ತಾಯಿಯನ್ನು ನೆನೆದು ಅತ್ತರು. ಅಳು ಮುಗಿಯುವ ಹೊತ್ತಿಗೆ ಎರಡು ಮಾರು ಹಗ್ಗ ತಯಾರಾಗಿತ್ತು.

ಆಗ ನಾನು ಕಾನ್ವೆಂಟಿನಲ್ಲಿ ಮಿಡಲ್ ಸ್ಕೂಲಿನ ಮೊದಲ ತರಗತಿಗೆ ಬಂದಿದ್ದೆ. ತಾಯಿ ಇದ್ದಾಗ ನನ್ನ ಜಡೆ ಹೆಣೆದ ಕೈಯಿಂದಲೇ ಚೀಲದಲ್ಲಿ ಪಾಟಿ, ಪುಸ್ತಕ, ಬಳಪ ಇಡುತ್ತಿದ್ದಳು. ಇಡುವುದು ಒಂದು ಕೆಲಸವೆಂದು ನನಗೆ ಗೊತ್ತೇ ಇರಲಿಲ್ಲ. ಅವಳು ಹೋದ ಮೇಲೆ ನನ್ನ ಪಾಟಿ ಬಚ್ಚಲಲ್ಲಿ ಸಿಗುತ್ತಿತ್ತು, ಬಳಪ ಜೋಳದ ಹಿಟ್ಟಿನಲ್ಲಿ. ಭೂಗೋಳದ ಪುಸ್ತಕ ದನದ ಗೋದಲಿಯಲ್ಲಿ ಸಿಕ್ಕಿತು. ಅಷ್ಟರಲ್ಲಿ ಏಷ್ಯಾ ಖಂಡದ ಅರ್ಧವನ್ನು ಕರು ತಿಂದಾಗಿತ್ತು. ಬರೆದುಕೊಂಡು ಬಾ ಎಂದ ಪಾಠವನ್ನು ಬರೆಯುತ್ತಿದ್ದೆ, ನಿಜ. ಆದರೆ ಬರೆದ ಹಾಳೆ ಮನೆಯಲ್ಲಿ ಇರುತ್ತಿತ್ತು, ನಾನು ಸ್ಕೂಲಿನಲ್ಲಿ ಇರುತ್ತಿದ್ದೆ.

ಸಿಸ್ಟರ್ ತಂದೆಗೆ ಇಂಗ್ಲಿಷಿನಲ್ಲಿ ಚೀಟಿ ಬರೆದರು. ಇಡೀ ಮನೆಯಲ್ಲಿ ಇಂಗ್ಲಿಷ್ ಬರುತ್ತಿದ್ದುದು ಯಾರಿಗೆ? ನನಗೊಬ್ಬಳಿಗೆ! ತಂದೆ ಚೀಟಿಯನ್ನು ನನ್ನ ಕೈಗೇ ಕೊಟ್ಟು, "ಏನ್ ಬರದಾರ ಓದು" ಎಂದರು. ನಾನು ಗಂಟಲು ಸರಿಮಾಡಿಕೊಂಡು, "ಹುಡುಗಿ ಭಾಳ ಶಾಣ್ಯಾಕಿ ಅದಾಳ, ಹಿಂಗ ಓದ್ಲಿ ಅಂತ ಬರದಾರ" ಎಂದೆ. ತಂದೆಯ ಮುಖ ಅರಳಿತು.

ಅತ್ತೆ ಹಗ್ಗ ಹೊಸೆಯುವುದನ್ನು ಬಿಟ್ಟು, "ಇಲ್ಲಿ ಕೊಡು" ಎಂದು ಚೀಟಿ ತೆಗೆದುಕೊಂಡರು. ಓದಲು ಬಾರದವರು ಏನು ನೋಡುತ್ತಾರೆ? ಹಾಳೆಯನ್ನು ಬೋರಲು ಮಾಡಿ ಹೆಬ್ಬೆರಳಿನಿಂದ ಹಿಂಬದಿಯನ್ನು ಸವರಿದರು.

"ಸುಳ್ಳಿ!" ಎಂದರು. "ಹೊಗಳಾಕ ಯಾರರ ಇಷ್ಟು ಒತ್ತಿ ಬರೀತಾರೇನ? ಹಾಳಿ ತೂತು ಬೀಳೋಂಗ ಬರದಾಳ ಆಕಿ!"

ನಾನು ಅಳುತ್ತಾ ನಿಜ ಓದಿದೆ: ಹುಡುಗಿ ಬರೆದ ಪಾಠ ತರುವುದೇ ಇಲ್ಲ, ಹೀಗಾದರೆ ಫೇಲಾಗುತ್ತಾಳೆ. ತಂದೆ ರುಮಾಲು ತೆಗೆದು ಮೊಣಕಾಲ ಮೇಲಿಟ್ಟುಕೊಂಡರು. "ಕುರುಗೋಡಿನವರು ಹೆಣ್ಣು ಕೇಳಾಕತ್ತಾರ. ಈ ವರ್ಷ ಫೇಲಾದ್ರ ಸಾಲಿ ಬಿಡಿಸಿ ಲಗ್ನ ಮಾಡಿಬಿಡ್ತೀನಿ ನೋಡವ್ವ" ಎಂದರು. ಅವರು ಗದರಲಿಲ್ಲ. ಗದರಿದ್ದರೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲ.

ಮರುದಿನ ಸ್ಕೂಲಿನಿಂದ ಬಂದು ನೋಡುತ್ತೇನೆ, ನಮ್ಮ ಮಾಳಿಗೆ ಮನೆಯ ತೊಲೆಗಳಿಂದ ಐದು ನೆಲುವುಗಳು ಇಳಿಬಿದ್ದಿವೆ! ಹಾಲು ಬೆಣ್ಣೆ ಬೆಕ್ಕಿಗೆ ಸಿಗದಂತೆ ಹಗ್ಗದಲ್ಲಿ ಹೆಣೆದು ಅಡುಗೆಮನೆಯಲ್ಲಿ ತೂಗುಹಾಕುತ್ತಾರಲ್ಲ, ಅವೇ. ಆದರೆ ಒಳಗೆ ಗಡಿಗೆಗಳಿಲ್ಲ. ಒಂದೊಂದರಲ್ಲಿ ನನ್ನ ಒಂದೊಂದು ಪುಸ್ತಕ, ಅದರ ಜೊತೆ ಅದರ ಬರವಣಿಗೆಯ ಹಾಳೆಗಳು!

"ಅತ್ತೀ, ಏನಿದು?"

"ಬೆಕ್ಕಿಗೆ ಸಿಗಬಾರದು, ಕರಕ್ಕ ಸಿಗಬಾರದು, ನಿನಗೂ ಸುಮ್‌ಸುಮ್ನ ಸಿಗಬಾರದು. ತಗದದ್ದು ತಿರುಗಿ ಅಲ್ಲೇ ಇಡಬೇಕು. ನೆಲುವಿನ್ಯಾಗ ಪುಸ್ತಕ ಕಾಣದಿದ್ರ ನಿನ್ನ ಗಂಗಾಳದಾಗ ರೊಟ್ಟಿ ಕಾಣಂಗಿಲ್ಲ."

ಜಾಗಗಳನ್ನು ಅವರೇ ಆರಿಸಿದ್ದರು. ಇಂಗ್ಲಿಷ್ ಒಲೆಯಿಂದ ದೂರ, ಬೆಳಕಿಂಡಿಯ ಕೆಳಗೆ. ಚರಿತ್ರೆಯ ಪುಸ್ತಕ ಅವರು ಮಲಗುವ ಮೂಲೆಯಲ್ಲಿ. ಅದರೊಳಗೆ ಇಂಗ್ಲಿಷರ ರಾಣಿಯ ಚಿತ್ರವೊಂದಿತ್ತು, ತಲೆಯ ಮೇಲೆ ಬಿಳಿಯ ಮುಸುಕು. ಇದು ಯಾರೆಂದು ಅತ್ತೆ ಕೇಳಿದರು. ರಾಣಿ, ಗಂಡ ತೀರಿಕೊಂಡಿದ್ದಾನೆ ಎಂದೆ. ಅತ್ತೆ ಚಿತ್ರವನ್ನು ಬಹಳ ಹೊತ್ತು ನೋಡಿ, "ಪಾಪ, ಇಷ್ಟು ದೊಡ್ಡ ರಾಜ್ಯ ಇದ್ರೂ ಈಕಿಗೂ ಬಿಳೀ ಸೀರಿನ" ಎಂದು ತಮ್ಮ ತಲೆದಿಂಬಿನ ಪಕ್ಕಕ್ಕೇ ಅವಳನ್ನು ತೂಗುಹಾಕಿದರು.

ಲೆಕ್ಕದ ಪುಸ್ತಕ ಮಾತ್ರ ನಡುಮನೆಯ ಬಾಗಿಲಿಗೆ, ಸರಿಯಾಗಿ ನನ್ನ ತಲೆ ತಾಗುವಷ್ಟು ಎತ್ತರಕ್ಕೆ. ಯಾಕೆಂದರೆ ನಾನು ದಿನಾ ಮರೆಯುತ್ತಿದ್ದುದು ಅದನ್ನೇ. ನನಗೆ ತಾಗಿದ್ದು ಎರಡೇ ದಿನ. ಆಮೇಲೆ ಬಗ್ಗಿ ಹೋಗಲು ಕಲಿತೆ. ತಂದೆ ಕಲಿಯಲೇ ಇಲ್ಲ! ಅಂಗಡಿಯಿಂದ ಊಟಕ್ಕೆ ಬಂದರೆ ಮೊದಲು ಲೆಕ್ಕದ ಪುಸ್ತಕಕ್ಕೆ ಢಿಕ್ಕಿ, ಆಮೇಲೆ ನೆಲುವಿನ ಹಗ್ಗಕ್ಕೆ ಸಿಕ್ಕಿ ರುಮಾಲು ನೆಲಕ್ಕೆ.

"ಅಕ್ಕಾ, ಇದನ್ನ ಸ್ವಲ್ಪ ಮ್ಯಾಲ ಕಟ್ಟಬಾರದಾ?"

"ನಿನ್ನ ರುಮಾಲು ಬಿದ್ದಾಗೆಲ್ಲ ಹುಡುಗಿಗೆ ಲೆಕ್ಕ ನೆನಪಾಗತೈತಿ. ಬೀಳ್ಲಿ ಬಿಡು."

ನೆರೆಮನೆಯ ಬೀಬಮ್ಮ ನಗುವುದಕ್ಕೆಂದೇ ಊಟದ ಹೊತ್ತಿಗೆ ಸರಿಯಾಗಿ ಮೊಸರು ಕೇಳುವ ನೆಪದಲ್ಲಿ ಬಂದು ಕೂರುತ್ತಿದ್ದರು. "ಇವತ್ತು ಬಿತ್ತೇನವ್ವ?" ಎಂದು ಪಿಸುಗುಡುವರು. "ತಡೀರಿ, ಬರೋ ಹೊತ್ತಾತು" ಎನ್ನುವರು ಅತ್ತೆ.

ಇನ್ನು ಓದಿಸುವ ರೀತಿ. ಅತ್ತೆ ಬೀಸುವ ಕಲ್ಲಿನ ಮುಂದೆ, ನಾನು ಎದುರಿಗೆ. ಅವರು ಬೀಸಬೇಕು, ನಾನು ಗಟ್ಟಿಯಾಗಿ ಓದಬೇಕು. ಇಂಗ್ಲಿಷಿನ ಒಂದು ಶಬ್ದವೂ ತಿಳಿಯದ ಇವರನ್ನು ಮೋಸ ಮಾಡುವುದು ಎಷ್ಟರ ಮಾತು ಎಂದುಕೊಂಡು, ಕಷ್ಟದ ಶಬ್ದ ಬಂದಲ್ಲಿ ಅದನ್ನು ನುಂಗಿ ಮುಂದೆ ಹೋಗುತ್ತಿದ್ದೆ. ಕಲ್ಲು ಗಕ್ಕನೆ ನಿಲ್ಲುತ್ತಿತ್ತು.

"ಅಲ್ಲೊಂದು ಹರಳು ಬಂತು."

"ಇಲ್ಲ ಅತ್ತಿ."

"ಬಂತು. ಆರಿಸು. ತಿರುಗಿ ಓದು."

ಪ್ರತಿ ಸಲವೂ ನಾನು ನುಂಗಿದ ಶಬ್ದವೇ ಅದು! ಜೋಳದಲ್ಲಿ ಹರಳು ಸಿಕ್ಕರೆ ಕೈಗೆ ತಿಳಿಯುವ ಹಾಗೆ ನನ್ನ ದನಿಯಲ್ಲಿ ಅವರಿಗೆ ತಿಳಿಯುತ್ತಿತ್ತು. ಆ ವರ್ಷ ಸಿಸ್ಟರಿಗಿಂತ ಹೆಚ್ಚು ತಪ್ಪುಗಳನ್ನು ನನ್ನಿಂದ ತಿದ್ದಿಸಿದವರು, ಭಾಷೆಯೇ ಗೊತ್ತಿಲ್ಲದ ನಮ್ಮ ಅತ್ತೆ.

ಹಾಗೆಂದು ಅವರಿಂದ ಅನಾಹುತ ಆಗಲಿಲ್ಲವೆಂದಲ್ಲ. ಹೊರಗಿನಿಂದ ಬಂದ ಯಾವುದೇ ವಸ್ತುವಿಗೆ ನೀರು ಚಿಮುಕಿಸದೆ ಒಳಗೆ ಬಿಟ್ಟುಕೊಳ್ಳುವವರಲ್ಲ ಅವರು. ಸೌದೆಗೆ ಚಿಮುಕಿಸುವರು, ಬಾಳೆಹಣ್ಣಿಗೆ ಚಿಮುಕಿಸುವರು. ಒಂದು ದಿನ ಸಿಸ್ಟರ್ ತಿದ್ದಿ ಕೊಟ್ಟ ಹಾಳೆಗಳನ್ನು ನಾನು ಕಟ್ಟೆಯ ಮೇಲಿಟ್ಟು ಕೈಕಾಲು ತೊಳೆಯಲು ಹೋದೆ. ಅತ್ತೆ ಧಾರಾಳವಾಗಿ ಶುದ್ಧಿ ಮಾಡಿದರು. ಒಂದು ತಿಂಗಳ ಬರವಣಿಗೆ ನೀಲಿ ಹೊಳೆಯಾಗಿ ಕಟ್ಟೆಯಿಂದ ಇಳಿದು ಹೋಯಿತು! ಆ ಹಾಳೆಗಳನ್ನು ಪರೀಕ್ಷೆಗೆ ಮುಂಚೆ ತಿರುಗಿ ಒಪ್ಪಿಸಬೇಕಿತ್ತು. ನಾನು ಅಳುತ್ತಾ ಹಾಳೆಗಳನ್ನು ಒಂದೊಂದಾಗಿ ಬಿಡಿಸಿ ಒಣಗಲು ಹರಡಿದೆ.

ಮರುದಿನ ಅತ್ತೆ ಸೆರಗು ಬಿಗಿದು, ಜೀವಮಾನದಲ್ಲಿ ಮೊದಲ ಬಾರಿಗೆ, ನನ್ನ ಹಿಂದೆ ಕಾನ್ವೆಂಟಿಗೆ ಬಂದರು. ನಮ್ಮ ಸಿಸ್ಟರ್ ಕನ್ನಡವನ್ನು ಪುಸ್ತಕದಿಂದ ಕಲಿತವರು. ಒದ್ದೆಯಾಗಿ ಒಣಗಿದ ಹಾಳೆಗಳನ್ನು ಹಿಡಿದು, "ಈ ಬಾಲಕಿಯು ತನ್ನ ಪಾಠಗಳನ್ನು ತೊಳೆದುಕೊಂಡು ಬಂದಿರುವಳು. ಇದು ಏತಕ್ಕೆ?" ಎಂದರು.

"ಆಕಿ ತೊಳದಿಲ್ರಿ, ತೊಳದಾಕಿ ನಾನು. ನಿಮ್ಮ ಕೈ ತಾಗಿತ್ತಲ್ಲರಿ, ಅದಕ್ಕ" ಎಂದುಬಿಟ್ಟರು ಅತ್ತೆ, ಯಾವ ಸಂಕೋಚವೂ ಇಲ್ಲದೆ! ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. "ತಪ್ಪು ನಂದು. ಶಿಕ್ಷಾ ನನಗ ಕೊಡ್ರಿ. ಹುಡುಗಿಗೆ ಇನ್ನೊಮ್ಮೆ ಬರಿಯಾಕ ಎಂಟು ದಿನ ಕೊಡ್ರಿ. ಆಕಿಗೆ ತಾಯಿಲ್ರಿ."

ಸಿಸ್ಟರ್ ಅವರನ್ನೇ ನೋಡಿದರು. "ಎಂಟು ದಿನಗಳನ್ನು ಕೊಟ್ಟಿರುವೆನು. ತಾವು ಕುಳಿತುಕೊಳ್ಳಿರಿ" ಎಂದರು. ಅತ್ತೆ ಬೆಂಚಿನ ಮೇಲೆ ಕೂರಲಿಲ್ಲ. ಮೇಜಿನ ಮೇಲೆ ರಾಶಿ ಬಿದ್ದಿದ್ದ ಹಾಳೆಗಳನ್ನು ನೋಡಿ ಸಂಕಟಪಟ್ಟರು. ಮುಂದಿನ ವಾರ ನನ್ನ ಕೈಯಲ್ಲಿ ಒಂದು ನೆಲುವು ಕಳಿಸಿದರು. ನಾನು ಆ ಸ್ಕೂಲು ಬಿಡುವ ದಿನದವರೆಗೂ ಸಿಸ್ಟರಿನ ಕಿಟಕಿಯಲ್ಲಿ ಅದು ತೂಗುತ್ತಿತ್ತು, ತುಂಬ ಹಾಳೆ ಹೊತ್ತುಕೊಂಡು.

ಎಂಟು ದಿನ ನಾನು ಬರೆದೆ. ಎಂಟು ದಿನವೂ ಅತ್ತೆ ಬಿದಿರಿನ ಬೀಸಣಿಗೆ ಹಿಡಿದು ಬರೆದ ಸಾಲುಗಳ ಶಾಯಿ ಆರಿಸುತ್ತಾ ಪಕ್ಕದಲ್ಲಿ ಕೂತಿದ್ದರು, ಹಾಳೆಯ ಹತ್ತಿರ ನೀರಿನ ತಂಬಿಗೆಯೂ ಸುಳಿಯದಂತೆ. ಆ ವಾರವೇ ತೊಲೆಯಲ್ಲಿ ಆರನೆಯ ನೆಲುವು ಕಾಣಿಸಿಕೊಂಡಿತು. ಅದರಲ್ಲಿ ಏನೂ ಇರಲಿಲ್ಲ.

"ಇದು ಯಾವ ಪುಸ್ತಕಕ್ಕ ಅತ್ತಿ?"

"ಮುಂದಿನ ಕ್ಲಾಸಿಂದಕ್ಕ. ಆಗ ಪುಸ್ತಕ ಹೆಚ್ಚಾಗ್ತಾವಲ್ಲ?"

ನಾನು ಪಾಸಾದೆ. ತರಗತಿಗೆ ಮೂರನೆಯವಳಾಗಿ! ತಂದೆ ಬೀದಿಗೆಲ್ಲ ಸಕ್ಕರೆ ಹಂಚಿದರು. ಆ ದಿನ ಅವರ ರುಮಾಲು ಬಿದ್ದಾಗ ಅವರೂ ನಕ್ಕರು. ಬೀಬಮ್ಮ ನನ್ನ ದೃಷ್ಟಿ ತೆಗೆದು ಹತ್ತೂ ಬೆರಳು ನೆಟಿಕೆ ಮುರಿದರು.

ಸುದ್ದಿ ಕುರುಗೋಡಿಗೂ ಹೋಯಿತು. ಅವರು ಇಪ್ಪತ್ತು ದಿನದೊಳಗೆ ಎರಡು ಗಾಡಿ ಕಟ್ಟಿಕೊಂಡು ಬಂದರು. ಮೊದಲು ಅವರಿಗೆ ಬೇಕಾಗಿದ್ದುದು ಬರಿಯ ಒಂದು ಹುಡುಗಿ. ಈಗ ಬೇಕಾಗಿದ್ದುದು ಇಂಗ್ಲಿಷ್ ಪಾಸಾದ ಹುಡುಗಿ. ಸುತ್ತಲಿನ ಯಾವ ಮನೆಯಲ್ಲೂ ಅಂಥ ಸೊಸೆ ಇರಲಿಲ್ಲವಂತೆ. ನನ್ನಿಂದ ನಾಲ್ಕು ಸಾಲು ಓದಿಸಿದರು. ನಾನು ಒಂದು ಹರಳೂ ಬಾರದಂತೆ ಓದಿದೆ. ಯಾಕೆ ಹಾಗೆ ಓದಿದೆನೋ! ತಡವರಿಸಬಹುದಿತ್ತು. ಆದರೆ ಅಡುಗೆಮನೆಯ ಬಾಗಿಲಲ್ಲಿ ಅತ್ತೆ ನಿಂತಿದ್ದರು. ಅವರ ಮುಂದೆ ತಪ್ಪಾಗಿ ಓದುವುದು ನನಗೆ ಮರೆತೇಹೋಗಿತ್ತು.

ಕುರುಗೋಡಿನವರು ತಾಂಬೂಲ ತೆಗೆದುಕೊಂಡು ಹೋದ ಮೇಲೆ ಅತ್ತೆ ತಮ್ಮನ ಎದುರು ನಿಂತರು.

"ಪಾಸಾಗ್ಯಾಳಲ್ಲೋ ತಮ್ಮಾ."

"ಪಾಸಾಗ್ಯಾಳ ಅಂತನ ಹುಡುಕ್ಕೊಂಡು ಬಂದಾರ ಅಕ್ಕಾ. ಇಂಥಾ ಮನಿ ಮತ್ತ ಸಿಗತೈತೇನು?"

"ಫೇಲಾದ್ರ ಲಗ್ನ ಅಂದಿದ್ದಿ."

"ಪಾಸಾದ್ರ ಇಲ್ಲ ಅಂತ ಅಂದಿದ್ನೇನು?" ಎಂದರು ತಂದೆ. ಅಕ್ಕನ ಮುಖ ನೋಡಲಿಲ್ಲ. ಕೈಯಲ್ಲಿದ್ದ ರುಮಾಲನ್ನು ನೋಡಿಕೊಂಡೇ ಹೇಳಿದರು.

ಅತ್ತೆ ಹೋಗಿ ಬೀಸುವ ಕಲ್ಲಿನ ಪಕ್ಕದಲ್ಲಿ ಕುಳಿತರು. ಪುಂಡಿನಾರು ಅಲ್ಲೇ ಮಗ್ಗುಲಲ್ಲಿತ್ತು. ಮುಟ್ಟಲಿಲ್ಲ. ದೀಪ ಹಚ್ಚುವ ಹೊತ್ತಿನವರೆಗೂ ಎರಡು ಅಂಗೈಗಳನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡು ಕುಳಿತೇ ಇದ್ದರು. ಅವರ ಕೈ ಖಾಲಿ ಇದ್ದುದನ್ನು ನಾನು ನೋಡಿದ್ದು ಆ ಒಂದು ಸಂಜೆ.

ನನ್ನನ್ನು ಗಂಡನ ಮನೆಗೆ ಕಳಿಸುವ ದಿನ, ಸೀರೆಗಳ ನಡುವೆ ಆ ಆರನೆಯ ನೆಲುವನ್ನು ಮಡಿಸಿಟ್ಟರು. "ಇದು ಇನ್ನಾ ಖಾಲಿ ಐತಿ. ಮರೀಬ್ಯಾಡ ಕೂಸ" ಎಂದರು. ಮುಂದಿನ ಚಳಿಗಾಲಕ್ಕೆ ಅತ್ತೆ ಸಿರುಗುಪ್ಪಕ್ಕೆ ವಾಪಸಾದರು. ಬೀಸುವ ಕಲ್ಲನ್ನು ಮಾತ್ರ ತಂದೆಯ ಮನೆಯಲ್ಲೇ ಬಿಟ್ಟು ಹೋದರಂತೆ. ಕೆಲವು ವರ್ಷಗಳ ಮೇಲೆ ಅವರು ತೀರಿಕೊಂಡ ಸುದ್ದಿ ಕುರುಗೋಡಿಗೆ ತಲುಪಿದ್ದು ಒಂಬತ್ತನೆಯ ದಿನ. ಆಗ ನಾನು ಬಾಣಂತಿ. ಹೋಗಲು ಬಿಡಲಿಲ್ಲ. ಎದುರಿಗೆ ಅಡುಗೆಮನೆಯಲ್ಲಿ ಅವರ ನೆಲುವು ಇತ್ತು, ನನ್ನ ಗಂಡನ ತಾಯಿ ಇಟ್ಟ ತುಪ್ಪದ ಗಡಿಗೆಯನ್ನು ಹೊತ್ತು. ಎಷ್ಟು ವರ್ಷವಾದರೂ ಅದರ ಒಂದು ಎಳೆಯೂ ಸಡಿಲಲಿಲ್ಲ.

ಈಗ ನಾವು ಬಳ್ಳಾರಿಯಲ್ಲೇ ಮನೆ ಮಾಡಿದ್ದೇವೆ. ತಂದೆ ಅಂಗಡಿ ಬಿಟ್ಟು ನಮ್ಮ ಜೊತೆ ಇದ್ದಾರೆ. ಆಗ ಹುಟ್ಟಿದ ಆ ಕೂಸು ಈ ವರ್ಷ ಮಿಡಲ್ ಸ್ಕೂಲಿಗೆ ಬಂದಿದ್ದಾಳೆ, ಅದೇ ಕಾನ್ವೆಂಟಿಗೆ. ನನ್ನ ಮಗಳಲ್ಲವೇ? ಪಾಟಿ ಬಚ್ಚಲಲ್ಲಿ ಸಿಗುತ್ತದೆ! ಗೋಡೆಗೆ ವೇಳಾಪಟ್ಟಿ ಬರೆದು ಅಂಟಿಸಿದೆ. ಅವಳು ಆ ವೇಳಾಪಟ್ಟಿಯನ್ನೇ ಕಳೆದುಹಾಕಿದಳು. ಕುರುಗೋಡಿನಿಂದ ಬಂದವರು ಆಗಲೇ ಅವಳ ಜಾತಕ ಕೇಳಲು ಶುರುಮಾಡಿದ್ದಾರೆ.

ಹೋದ ಸೋಮವಾರ, ನಮ್ಮ ಜೊತೆಗೇ ಬಂದ ಅತ್ತೆಯ ನೆಲುವಿನಿಂದ ತುಪ್ಪದ ಗಡಿಗೆಯನ್ನು ಇಳಿಸಿ ನೆಲದ ಮೇಲಿಟ್ಟೆ. ಜಿಡ್ಡು ಹೋಗುವಂತೆ ನೆಲುವನ್ನು ಸೀಗೆಪುಡಿಯಲ್ಲಿ ತೊಳೆದು, ಬಿಸಿಲಿಗೆ ಆರಿಸಿ, ಮಗಳ ಲೆಕ್ಕದ ಪುಸ್ತಕವಿಟ್ಟು ನಡುಮನೆಯ ಬಾಗಿಲಿಗೆ ಕಟ್ಟಿದೆ.

ಮಧ್ಯಾಹ್ನ ತಂದೆ ಊಟಕ್ಕೆ ಎದ್ದು ಬಂದರು. ಅವರ ಬೆನ್ನು ಈಗ ಬಹಳ ಬಾಗಿದೆ. ರುಮಾಲಿಗೆ ಏನೂ ತಾಗದೆ ಬಾಗಿಲು ದಾಟಿದರು. ದಾಟಿದವರು ನಿಂತರು. ತಿರುಗಿ ಬಂದು, ಕತ್ತೆತ್ತಿ, ಹಗ್ಗದ ಹೆಣಿಗೆಯನ್ನು ಬೆರಳಿನಿಂದ ಸವರಿದರು. ನಾನು ಗಂಗಾಳ ಹಾಕತೊಡಗಿದೆ.

"ಇನ್ನೊಂದು ಗೇಣು ಕೆಳಗ ಕಟ್ಟವ್ವ," ಎಂದರು ತಂದೆ. "ನನಗ ತಾಗವಲ್ದು."