ಮುಖ ಬೇಡ, ಕಾಲು ತೋರಿಸಿ

ನಮ್ಮಣ್ಣನಿಗೆ ಕಿವಿಯ ದೋಷವಿದೆ. ಅವನು ಕೆಲಸ ಮಾಡುವ ಜರ್ಮನಿಯ ಕಾರ್ಖಾನೆಯ ಡಾಕ್ಟರನ್ನು ಕೇಳಿದರೆ ಒಪ್ಪುವುದಿಲ್ಲ. ಯಂತ್ರಗಳ ಗದ್ದಲದಲ್ಲಿ ಇಪ್ಪತ್ತು ವರ್ಷ ಕಳೆದವರನ್ನು ಅಲ್ಲಿ ಆಗಾಗ ಗಾಜಿನ ಪೆಟ್ಟಿಗೆಯೊಳಗೆ ಕೂರಿಸಿ, ಹೆಡ್‌ಫೋನ್ ಸಿಕ್ಕಿಸಿ ಪರೀಕ್ಷೆ ಮಾಡುತ್ತಾರೆ. ಅಣ್ಣ ಪ್ರತಿ ಸಲವೂ ಪಾಸು. ಆದರೆ ಒಂದೇ ಒಂದು ಪದ, ಕನ್ನಡದಲ್ಲಿ ಹೇಳಿ, ಇಂಗ್ಲಿಷಿನಲ್ಲಿ ಹೇಳಿ, ಜರ್ಮನ್ನಿನಲ್ಲಿ ಮೇಜು ಕುಟ್ಟಿ ಹೇಳಿ, ಅವನ ಕಿವಿಯೊಳಗೆ ಇಳಿಯುವುದೇ ಇಲ್ಲ. ಆ ಪದ ‘ಇಲ್ಲ’.

‘ಇಲ್ಲ’ ಎನ್ನುವುದು ಅವನ ಪ್ರಕಾರ ಉತ್ತರವೇ ಅಲ್ಲ. ಕಿಟಕಿಯ ಆಚೆ ಕೂತವರು ಗಂಟಲು ಸರಿಮಾಡಿಕೊಳ್ಳುವ ಸದ್ದು. ಗಂಟಲು ಸರಿಯಾಗುವವರೆಗೆ ನಾವು ನಿಂತಿರಬೇಕು, ಅಷ್ಟೇ!

ಜರ್ಮನಿಯಲ್ಲಿ ಮುಂಚಿತವಾಗಿ ಟೆರ್ಮಿನ್, ಅಂದರೆ ಭೇಟಿಯ ಸಮಯ, ತೆಗೆದುಕೊಳ್ಳದೆ ಸರ್ಕಾರಿ ಕಚೇರಿಯ ಮೆಟ್ಟಿಲು ಹತ್ತುವವರುಂಟೆ? ನಮ್ಮಣ್ಣ ಹತ್ತುತ್ತಾನೆ. ಒಮ್ಮೆ ಅವನಿರುವ ಮ್ಯಾನ್‌ಹೈಮಿನ ಬ್ಯುರ್ಗರ್‌ಆಮ್ಟಿನಲ್ಲಿ ಅಂದರೆ ನಗರದ ನೋಂದಣಿ ಕಚೇರಿಯಲ್ಲಿ ವಿಳಾಸ ಬದಲಾವಣೆಗೆ ಹೋಗಿ, ಟೆರ್ಮಿನ್ ಇಲ್ಲದೆ ಆಗುವುದಿಲ್ಲ ಎಂದ ಅಧಿಕಾರಿಣಿಯ ಎದುರು ವಿನಯದಿಂದ ಒಂದೂವರೆ ಗಂಟೆ ನಿಂತಿದ್ದ. ಕೊನೆಗೆ ಆಕೆ ಮುದ್ರೆ ಒತ್ತಿಯೇ ಕಳಿಸಿದಳು. ಕರುಣೆಯಿಂದಲ್ಲ. ಅಣ್ಣ ಅಡ್ಡ ನಿಂತಿದ್ದರಿಂದ ಅವಳ ಮೇಜಿನ ಮೇಲಿನ ಹೂಕುಂಡಕ್ಕೆ ಬಿಸಿಲು ಬೀಳುತ್ತಿರಲಿಲ್ಲವಂತೆ.

ಈ ಕಾಯಿಲೆಯನ್ನು ನೋಡಿ ನಗುವ ಹಕ್ಕು ನನಗೆ ಪೂರ್ತಿ ಇಲ್ಲ. ನಮ್ಮ ವಂಶದಲ್ಲಿ ಹೆಸರಿನ ಮುಂದೆ ಡಿಗ್ರಿ ಬರೆದುಕೊಂಡ ಮೊದಲನೆಯವಳು ನಾನು. ಈಗ ಬಾನ್‌ನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಕೆಲಸ. ಹೇಳಿಕೊಳ್ಳಲು ಸಂಕೋಚವೇನಿಲ್ಲ, ಬೆವರು ಸುರಿಸಿಯೇ ಇಲ್ಲಿಗೆ ಬಂದದ್ದು. ಆದರೆ ನಾನು ಪಿಯುಸಿ ಮುಗಿಸಿ ತುಮಕೂರಿನ ಕಾಲೇಜಿಗೆ ಅರ್ಜಿ ಹಿಡಿದು ಹೋದಾಗ ಪಟ್ಟಿ ಮುಗಿದುಹೋಗಿತ್ತು. ಐಟಿಐ ಮಾಡಿ ಟರ್ನರ್ ಆಗಿದ್ದ ಅಣ್ಣ ಆಫೀಸಿನ ಕಿಟಕಿಯೆದುರು ಒಂಬತ್ತು ದಿನ ನಿಂತ. ಅವನ ಬೆನ್ನ ಹಿಂದೆ ನಾನು. ಹುಡುಗಿಯರೆಲ್ಲ ನೋಡುತ್ತಿದ್ದಾರೆಂದು ನಾಚಿಕೆ, ತಲೆಯನ್ನೇ ಎತ್ತುತ್ತಿರಲಿಲ್ಲ. ಆ ಒಂಬತ್ತು ದಿನವೂ ನಾನು ನೋಡಿದ್ದು ಅವನ ಹವಾಯಿ ಚಪ್ಪಲಿಯನ್ನು ಮಾತ್ರ. ಎಡಗಾಲಿನದು ಹಿಮ್ಮಡಿಯ ಹತ್ತಿರ ಸವೆದು ತೂತು ಬಿದ್ದಿತ್ತು. ಹತ್ತನೆಯ ದಿನ ಗುಮಾಸ್ತರು ಸೋತರು. “ನಾಳೆಯಿಂದ ಬಾಮ್ಮ” ಎಂದು ನನಗೆ ಹೇಳಿ, “ನಾಳೆಯಿಂದ ಬರಬೇಡಯ್ಯ” ಎಂದು ಅವನಿಗೆ ಕೈ ಮುಗಿದರು.

ಅಂಥ ಅಣ್ಣನಿಗೆ ಈಗ ಹದಿನೆಂಟು ವರ್ಷದ ಮಗ, ವಿನಯ್. ಶಾಲೆಯ ಕೊನೆಯ ವರ್ಷ. ತೂಕ ನೂರಹದಿನೆಂಟು ಕಿಲೋ, ಅತ್ತಿಗೆಯ ರಾಗಿಮುದ್ದೆಯ ಕೃಪೆ. ಅವನು ಆಡುವುದು ಅಮೆರಿಕನ್ ಫುಟ್‌ಬಾಲ್. ಮ್ಯಾನ್‌ಹೈಮಿನಲ್ಲಿ ಒಂದು ಕಾಲಕ್ಕೆ ಅಮೆರಿಕದ ಸೈನಿಕರಿದ್ದರು. ಅವರು ಹೊರಟುಹೋದರೂ ಆಟ ಉಳಿಯಿತು. ಇಲ್ಲಿನವಳನ್ನು ಮದುವೆಯಾಗಿ ಒಬ್ಬ ಸೈನಿಕನೂ ಉಳಿದ. ಅವನೇ ವಿನಯನ ಕೋಚ್.

ಆಟ ನನಗಿನ್ನೂ ಅರ್ಥವಾಗಿಲ್ಲ. ಅಣ್ಣ ಮಾತ್ರ ಊರಿನ ನೆಂಟರಿಗೆಲ್ಲ ಫೋನಿನಲ್ಲಿ ಅರ್ಥಮಾಡಿಸಿದ್ದಾನೆ. “ಚೆಂಡು ಎಸೆಯೋನು ಮದುಮಗ ಇದ್ದಂಗೆ. ಅವನ ಮೈಮೇಲೆ ಯಾರೂ ಬೀಳ್ದಂಗೆ ಸಾಲಾಗಿ ಅಡ್ಡ ನಿಲ್ಲೋ ಐದು ಜನ ಸೋದರಮಾವಂದಿರು. ನಮ್ಮೋನು ಅದ್ರಲ್ಲಿ ಎಡಗಡೆಯೋನು.” ಈ ಐವರು ಆಟ ಮುಗಿಯುವವರೆಗೆ ಚೆಂಡನ್ನು ಮುಟ್ಟುವುದೇ ಅಪರೂಪವಂತೆ! ಅಡ್ಡ ನಿಲ್ಲುವುದೇ ಕೆಲಸ ಎಂದ ಮೇಲೆ, ಅದು ನಮ್ಮ ಮನೆತನದ ಹುಡುಗನಿಗೆ ಒಗ್ಗದೆ ಇನ್ಯಾರಿಗೆ ಒಗ್ಗೀತು?

ವಿನಯನಿಗಿದ್ದದ್ದು ಒಂದೇ ಆಸೆ: ಅಮೆರಿಕದ ಯಾವುದಾದರೊಂದು ಕಾಲೇಜಿನವರು ತಮ್ಮ ತಂಡಕ್ಕೆ ಕರೆಯಬೇಕು, ಅಲ್ಲಿ ಆಡುತ್ತಾ ಓದಬೇಕು. ಇಲ್ಲೇ ಯೂನಿವರ್ಸಿಟಿಗೆ ಸೇರು ಎಂದು ನಾನು ಬುದ್ಧಿ ಹೇಳಿದೆ. “ಬರೀ ಓದು ಅಂದ್ರೆ ನಂಗೆ ಕೂರಕ್ಕಾಗಲ್ಲ ಅತ್ತೆ” ಎಂದ. ಅವನು ಆಟ ಕಲಿತದ್ದೇ ಹದಿನಾರರಲ್ಲಿ. ಉಳಿದ ಹುಡುಗರಿಗೆ ಆ ಹೊತ್ತಿಗೆ ಕಾಲೇಜುಗಳಿಂದ ಪತ್ರಗಳು ಬರಲು ಶುರುವಾಗಿರುತ್ತವೆ. ಫೆಬ್ರುವರಿಯಲ್ಲಿ ಕೋಚ್ ಅಣ್ಣನನ್ನು ಕೂರಿಸಿಕೊಂಡು ನೇರವಾಗಿ ಹೇಳಿದ: ಹುಡುಗ ಒಳ್ಳೆಯವನೇ, ಆದರೆ ತಡವಾಯಿತು, ಜಾಗಗಳೆಲ್ಲ ತುಂಬಿಹೋಗಿವೆ, ಇನ್ನು ಅವಕಾಶ ಇಲ್ಲ.

ನಿಮಗೆ ಗೊತ್ತಾಯಿತಲ್ಲ, ಯಾವ ಪದ ಹೇಳಿಬಿಟ್ಟನೆಂದು!

ಅಣ್ಣ ಪತ್ರ ಬರೆಯಲು ಕೂತ. ಅಮೆರಿಕದ ಅರವತ್ತು ಕಾಲೇಜುಗಳ ಕೋಚುಗಳಿಗೆ. ನನಗೆ ತಿಳಿದಾಗ ಅರ್ಧ ಕಳಿಸಿಯಾಗಿತ್ತು. ‘ಮಾನ್ಯರೇ, ತಮ್ಮಲ್ಲಿ ಸವಿನಯ ಪ್ರಾರ್ಥನೆ ಏನೆಂದರೆ’ ಎಂಬುದನ್ನು ಅಕ್ಷರಶಃ ಇಂಗ್ಲಿಷಿಗಿಳಿಸಿದ್ದ. ಜೊತೆಗೆ ಬಯೋಡೇಟಾ: ತಂದೆಯ ಹೆಸರು, ಹುಟ್ಟೂರು, ರಕ್ತದ ಗುಂಪು, ಶನಿವಾರ ಸಸ್ಯಾಹಾರಿ, ಯಾವುದೇ ದುಶ್ಚಟವಿಲ್ಲ. ಇದು ಹೆಣ್ಣಿನ ಕಡೆಯವರಿಗೆ ಕಳಿಸುವ ಕಾಗದವೋ, ಎದುರಾಳಿಯನ್ನು ಮಣ್ಣುಮುಕ್ಕಿಸುವವನ ಅರ್ಜಿಯೋ ಎಂದು ನಾನು ರೇಗಿದೆ. ಅಣ್ಣ ಶಾಂತವಾಗಿ, ಮನೆತನ ಗೊತ್ತಿಲ್ಲದ ಹುಡುಗನನ್ನು ಯಾರು ಸೇರಿಸಿಕೊಳ್ಳುತ್ತಾರೆ ಎಂದು ಕೇಳಿದ.

ದಾಖಲೆಯೆಂದ ಮೇಲೆ ದೃಢೀಕರಣ ಬೇಡವೆ? ಅಂಕಪಟ್ಟಿಯ ಜೊತೆಗೆ, ವಿನಯ್ ಒಬ್ಬ ಹುಡುಗನನ್ನು ನೆಲಕ್ಕೆ ಕೆಡವಿ ಅವನ ಮೇಲೆ ಬಿದ್ದಿರುವ ಫೋಟೋವನ್ನೂ ತೆಗೆದುಕೊಂಡು ಅದೇ ಬ್ಯುರ್ಗರ್‌ಆಮ್ಟಿಗೆ ಹೋದ. ಅದೇ ಅಧಿಕಾರಿಣಿ. ಅಂಕಪಟ್ಟಿಗೆ ಮುದ್ರೆ ಒತ್ತಿ, ಫೋಟೋವನ್ನು ಬಹಳ ಹೊತ್ತು ತಿರುಗಿಸಿ ನೋಡಿ, ದೃಢೀಕರಿಸಬೇಕಾದವನು ಮೇಲಿನವನೋ ಕೆಳಗಿನವನೋ ಎಂದು ವಿಚಾರಿಸಿದಳಂತೆ.

ಇಷ್ಟರಲ್ಲಿ ಏಪ್ರಿಲ್ ಕಳೆಯಿತು. ಅರವತ್ತು ಪತ್ರಗಳಿಗೆ ಒಂದೂ ಉತ್ತರವಿಲ್ಲ. ವಿನಯ್ ಪಾಠದ ನಡುವೆಯೂ ಫೋನು ತೆರೆದು ನೋಡುತ್ತಾನೆಂದು ಶಾಲೆಯಿಂದ ದೂರು ಬಂತು. ಮುದ್ದೆ ಹಾಗೇ ಉಳಿಯತೊಡಗಿತು. ಅತ್ತಿಗೆ ಹೆದರಿದ್ದು ಆಗಲೇ. ಅಣ್ಣನ ಕಾರ್ಖಾನೆಯಿಂದ ಒಂದು ಕಾಗದ ಮಾತ್ರ ಬಂದಿತ್ತು. ವಿನಯನಿಗೆ ಅಲ್ಲಿ ಔಸ್‌ಬಿಲ್ಡುಂಗ್, ಅಂದರೆ ಮೂರೂವರೆ ವರ್ಷ ಕೆಲಸ ಕಲಿಯುವ ತರಬೇತಿ. ಜೂನ್ ಕೊನೆಯ ಶುಕ್ರವಾರದೊಳಗೆ ಸಹಿ ಮಾಡದಿದ್ದರೆ ಜಾಗ ಬೇರೆಯವರಿಗೆ. ಕಾಗದ ಊಟದ ಮೇಜಿನ ಮೇಲೆ ಉಪ್ಪಿನಕಾಯಿ ಬಾಟಲಿಯ ಕೆಳಗೆ ಕೂತಿತು. ಯಾರೂ ಅದರ ಕಡೆ ನೋಡುತ್ತಿರಲಿಲ್ಲ. ಎಲ್ಲರಿಗೂ ಅದೇ ಕಾಣುತ್ತಿತ್ತು.

ವಿಡಿಯೋ ಕಳಿಸದೆ ಯಾರೂ ತಿರುಗಿ ನೋಡುವುದಿಲ್ಲ ಎಂದು ಕೋಚ್ ಹೇಳಿದ. ವಿಡಿಯೋಕ್ಕೇನು ಬರವೆ! ಎರಡು ವರ್ಷದಿಂದ ಪ್ರತಿ ಪಂದ್ಯವನ್ನೂ ಅಣ್ಣ ಗೆರೆಯ ಪಕ್ಕದಲ್ಲಿ ನಿಂತು ಚಿತ್ರೀಕರಿಸಿದ್ದ. ಕತ್ತರಿಸಿ ಜೋಡಿಸಲು ಅದನ್ನು ಯಾರಿಗೆ ಕಳಿಸಿದ ಹೇಳಿ? ತುರುವೇಕೆರೆಯಲ್ಲಿ ಮದುವೆ ವಿಡಿಯೋ ಸ್ಟುಡಿಯೋ ಇಟ್ಟಿರುವ ನಮ್ಮ ದೊಡ್ಡಪ್ಪನ ಮಗನಿಗೆ.

ಅವನು ಶ್ರದ್ಧೆಯಿಂದಲೇ ಮಾಡಿದ್ದ. ಮೊದಲಿಗೆ ಗಣಪತಿ. ನಂತರ ಬಂಗಾರದ ಅಕ್ಷರಗಳಲ್ಲಿ ‘ಚಿ. ವಿನಯ್’. ಕೊಳಲಿನ ನಾದ. ಮೇಲಿಂದ ಗುಲಾಬಿ ಪಕಳೆಗಳು ಉದುರುತ್ತಿದ್ದಂತೆ ಹೆಲ್ಮೆಟ್ಟಿನ ಕಂಬಿಗಳ ಹಿಂದೆ ನಮ್ಮ ಹುಡುಗನ ಮುಖ, ನಿಧಾನ ಚಲನೆಯಲ್ಲಿ ಎಡದಿಂದ ಬಲಕ್ಕೆ ತಿರುಗುತ್ತದೆ. ಎದುರಾಳಿಯ ಭುಜ ಬಂದು ಬಡಿಯುತ್ತದೆ; ಆ ದೃಶ್ಯ ಹೃದಯದ ಆಕಾರದ ಚೌಕಟ್ಟಿನೊಳಗೆ ಕುಗ್ಗಿ ಮಾಯವಾಗುತ್ತದೆ. ಚೆಂಡು ಎಲ್ಲಿ, ತಂಡ ಎಲ್ಲಿ, ಯಾವುದೂ ಕಾಣಿಸದು. ಎಂಟು ನಿಮಿಷ ಬರೀ ಮುಖ! ಕೋಚ್ ನೋಡಿ ಹಣೆ ಹಿಡಿದುಕೊಂಡು ಕೂತ. ವಿನಯ್ ನೋಡಿ ಕೋಣೆಯ ಬಾಗಿಲು ಹಾಕಿಕೊಂಡ. ಯಾಕೆಂದರೆ ಅಷ್ಟರಲ್ಲಿ ಅಣ್ಣ ಅದನ್ನು ಅರವತ್ತೂ ಕಡೆಗೆ ಕಳಿಸಿ ಆಗಿತ್ತು.

ಆದರೆ ಜೂನ್ ನಡುವೆ ಒಂದು ಉತ್ತರ ಬಂತು. ಹುಲ್ಲುಗಾವಲಿನ ನಡುವಿನ ಯಾವುದೋ ಸಣ್ಣ ಕಾಲೇಜಿನ ಕೋಚ್ ಬರೆದಿದ್ದ: ‘ನಿಮ್ಮ ವಿಡಿಯೋವನ್ನು ನಾವೆಲ್ಲ ಸೇರಿ ಮೂರು ಸಲ ನೋಡಿದೆವು. ಇಂಥದ್ದು ಈವರೆಗೆ ಕಂಡಿಲ್ಲ. ಹುಡುಗನ ಮುಖ ಈಗ ಚೆನ್ನಾಗಿ ಪರಿಚಯವಾಗಿದೆ. ಮುಖ ಬೇಡ, ಕಾಲು ತೋರಿಸಿ. ಒಂದು ಜಾಗ ಇರಬಹುದು. ಬೇಗ.’

ಅಡ್ಡ ನಿಲ್ಲುವವನ ಯೋಗ್ಯತೆ ಇರುವುದು ಅವನ ಹೆಜ್ಜೆಯಲ್ಲಂತೆ. ಎರಡು ವರ್ಷದ ಚಿತ್ರೀಕರಣವನ್ನು ನಾನೂ ವಿನಯನೂ ಇಡೀ ಭಾನುವಾರ ಕೂತು ಜಾಲಾಡಿದೆವು. ಒಂದೂ ಕಾಲು ಸಿಗಲಿಲ್ಲ. ಉಳಿದದ್ದು ಒಂದೇ ಪಂದ್ಯ, ಸಹಿಯ ಶುಕ್ರವಾರಕ್ಕೆ ಆರು ದಿನ ಮುಂಚಿನ ಶನಿವಾರ. ಅಣ್ಣನ ಕೈಗೆ ಫೋನು ಕೊಡಬಾರದೆಂದು ಮನೆಯವರೆಲ್ಲ ಒಮ್ಮತದಿಂದ ತೀರ್ಮಾನಿಸಿದರು. ಹೀಗೆ, ಪದವೀಧರೆಯೆಂಬ ಏಕೈಕ ಅರ್ಹತೆಯ ಮೇಲೆ, ಬಾನ್‌ನಿಂದ ನನ್ನನ್ನು ಮತ್ತೆ ಕರೆಸಲಾಯಿತು.

ನನ್ನ ಪಿಎಚ್‌ಡಿ ಮೌಖಿಕ ಪರೀಕ್ಷೆಗೆ ನಿಂತಂತೆ ಗೆರೆಯ ಪಕ್ಕದಲ್ಲಿ ಫೋನು ಹಿಡಿದು ನಿಂತೆ. ಫೋನಿನ ಚೌಕಟ್ಟಿನಲ್ಲಿ ಕಾಲು ಬಿಟ್ಟು ಬೇರೇನನ್ನೂ ನೋಡಬಾರದೆಂದು ಕೋಚ್ ಅಪ್ಪಣೆ ಮಾಡಿದ್ದ. ಮೊದಲ ಹತ್ತು ನಿಮಿಷದಲ್ಲೇ ಒಬ್ಬ ದಾಂಡಿಗ ವಿನಯನನ್ನು ಎರಡು ಸಲ ಅಂಗಾತ ಕೆಡವಿದ. ಎರಡೂ ಸಲ ನನ್ನ ಚೌಕಟ್ಟಿನಲ್ಲಿ ಆ ದೊಡ್ಡ ಬೂಟುಗಳು ಆಕಾಶ ನೋಡಿದವು. ಪಕ್ಕದಲ್ಲಿದ್ದ ಅಣ್ಣ ನನ್ನ ಮೊಣಕೈ ಹಿಡಿದುಕೊಂಡ.

“ಪುಟ್ಟಿ, ಒಂದ್ಸಲ ಮೇಲೆ ತಿರುಗಿಸೆ” ಎಂದ.

“ಆಗಲ್ಲ ಕಣೋ. ಕಾಲು ತಪ್ಪಿಹೋಗುತ್ತೆ.”

“ಒಂದೇ ಒಂದ್ಸಲ. ಮುಖ ನೋಡ್ಬೇಕು.”

“ಈ ಮುಖದ ಹುಚ್ಚಿಂದಾನೆ ಇಲ್ಲಿಗೆ ಬಂದು ನಿಂತಿರೋದು. ಅದ್ರಲ್ಲಿ ಏನಿದೆ ಅಂತ ಎರಡು ವರ್ಷ ತೆಗೆದೆ ನೀನು?”

ಅಣ್ಣ ಮೈದಾನದಿಂದ ಕಣ್ಣು ಕೀಳಲಿಲ್ಲ. “ಕಾಲು ನೋಡಿದ್ರೆ ಆಟ ಗೊತ್ತಾಗುತ್ತೆ. ಪೆಟ್ಟಾಯ್ತಾ ಅಂತ ಮುಖ ನೋಡ್ದೆ ಹೆಂಗೆ ಗೊತ್ತಾಗುತ್ತೆ? ಕೇಳಿದ್ರೆ ಇಲ್ಲ ಅಂತಾನೆ.”

ಬೂಟುಗಳು ಎದ್ದು ನಿಂತವು. ಮೂರನೆಯ ಸಲ ಆ ದಾಂಡಿಗ ನುಗ್ಗಿದಾಗ ಅವು ಚಿಕ್ಕಚಿಕ್ಕ ಹೆಜ್ಜೆಯಿಟ್ಟು ಹಿಂದೆ ಸರಿದು, ಅಗಲಕ್ಕೆ ನೆಟ್ಟುಕೊಂಡವು. ನೆಟ್ಟದ್ದು ನೆಟ್ಟಂತೆಯೇ. ಆಮೇಲೆ ಪಂದ್ಯ ಮುಗಿಯುವವರೆಗೆ ಅವನನ್ನು ದಾಟಿ ಒಬ್ಬನೂ ಹೋಗಲಿಲ್ಲ. ತಂಡ ಸೋತಿತು. ಅದು ನನಗೆ ತಿಳಿದದ್ದು ಮನೆಗೆ ಬಂದ ಮೇಲೆ. ನಾನು ನೋಡಿದ್ದು ಕಾಲು ಮಾತ್ರ.

ಶನಿವಾರವೇ ಕಳಿಸಿದೆವು. ಗಣಪತಿಯಿಲ್ಲ, ಪಕಳೆಯಿಲ್ಲ. ಸೋಮವಾರ ಉತ್ತರವಿಲ್ಲ. ಮಂಗಳವಾರ ಇಲ್ಲ. ಬುಧವಾರ ಅತ್ತಿಗೆ ಫೋನು ಮಾಡಿ, ಅಪ್ಪ ಮಗ ಇಬ್ಬರೂ ಮಾತು ಬಿಟ್ಟಿದ್ದಾರೆ, ಮನೆಯಲ್ಲಿ ಫ್ರಿಜ್ಜಿನ ಸದ್ದು ಬಿಟ್ಟರೆ ಬೇರೇನೂ ಕೇಳಿಸುತ್ತಿಲ್ಲ ಎಂದರು. ಶುಕ್ರವಾರ ರಜೆ ಹಾಕಿ ಮತ್ತೆ ಹೋದೆ. ಸಂಜೆ ನಾಲ್ಕಕ್ಕೆ ಕಾರ್ಖಾನೆಯ ಕಚೇರಿ ಮುಚ್ಚುತ್ತದೆ. ಎರಡಾಯಿತು. ಉಪ್ಪಿನಕಾಯಿ ಬಾಟಲಿಯನ್ನು ಎತ್ತಿ ಪಕ್ಕಕ್ಕಿಡುವ ಧೈರ್ಯ ಯಾರಿಗೂ ಇರಲಿಲ್ಲ. ಎರಡೂವರೆಗೆ ವಿನಯನ ಫೋನು ಕಿಣಿ ಎಂದಿತು.

ಅವನು ಓದಿದ. ಇನ್ನೊಮ್ಮೆ ಓದಿದ. “ಕಾಲು ಚೆನ್ನಾಗಿದೆ ಅಂತೆ” ಎಂದ. ಅತ್ತಿಗೆ ಸೆರಗಿನ ತುದಿ ಹಿಡಿದುಕೊಂಡರು. “ಆದ್ರೆ ಆ ಜಾಗ ಮೊನ್ನೆ ತುಂಬಿಹೋಯ್ತಂತೆ. ಇಲ್ಲ ಅಂದಿದ್ದಾರೆ, ಪಪ್ಪಾ.”

ನಾವೆಲ್ಲ ಅಣ್ಣನ ಕಡೆ ತಿರುಗಿದೆವು. ಇನ್ನೇನು ಅವನು ಹೇಳುತ್ತಾನೆ, ಅದು ಉತ್ತರವಲ್ಲ, ಗಂಟಲು ಸರಿಮಾಡಿಕೊಳ್ಳುತ್ತಿದ್ದಾರೆ ಅಂತ. ಅಮೆರಿಕಕ್ಕೆ ಟಿಕೆಟ್ ಮಾಡಿಸಿ ಆ ಕಾಲೇಜಿನ ಕಿಟಕಿಗೆ ಅಡ್ಡ ನಿಲ್ಲುತ್ತಾನೆ ಅಂತಲೂ ಅನ್ನಿಸಿತು. ಅಣ್ಣ ಬಾಟಲಿಯನ್ನು ತಾನೇ ಎತ್ತಿ ಪಕ್ಕಕ್ಕಿಟ್ಟು, ಕಾಗದದ ಮೇಲಿನ ಎಣ್ಣೆಯ ಕಲೆಯನ್ನು ಅಂಗೈಯಿಂದ ಉಜ್ಜತೊಡಗಿದ. ಹೋಗದ ಕಲೆ. ಉಜ್ಜುತ್ತಲೇ ಇದ್ದ.

ವಿನಯ್ ಕಾಗದವನ್ನು ಮೆಲ್ಲನೆ ಅವನ ಕೈಯ ಕೆಳಗಿನಿಂದ ಎಳೆದುಕೊಂಡು ಸಹಿ ಮಾಡಿದ. ಆಮೇಲೆ ಫೋನಿನಲ್ಲಿ ಎರಡು ಹೆಬ್ಬೆರಳಿನಿಂದ ಬರೆಯತೊಡಗಿದ.

“ಯಾರಿಗೋ?” ಎಂದೆ.

“ಅದೇ ಕೋಚಿಗೆ. ಮುಂದಿನ ವರ್ಷ ಯಾವ ತಿಂಗಳು ಕಾಲು ಕಳಿಸ್ಬೇಕು ಅಂತ.”

“ಇಲ್ಲ ಅಂದ್ರಲ್ಲೋ ಮಗಾ” ಎಂದ ಅಣ್ಣ. ಆ ಪದ ಅವನ ಕಿವಿಯೊಳಗೆ ಇಳಿದದ್ದನ್ನು ನಾನು ಕಂಡದ್ದು ಅದೇ ಮೊದಲು.

“ಹಂಗಂದ್ರಾ? ನಂಗೇನೂ ಕೇಳಿಸ್ಲಿಲ್ಲ ಪಪ್ಪಾ” ಎಂದು ಹುಡುಗ ಬರೆಯುತ್ತಲೇ ಇದ್ದ.

ಅತ್ತಿಗೆ ನಕ್ಕರು. ನನಗೂ ನಗು ಬಂತು. ಮೂರೂಕಾಲಾಗಿತ್ತು. ಕಾಗದ ಮುಟ್ಟಿಸಿ ಬರುತ್ತೇನೆಂದು ಅಣ್ಣ ಎದ್ದು ಬಾಗಿಲ ಬಳಿ ಹೋಗಿ, ನಮಗೆ ಬೆನ್ನು ಹಾಕಿ ಬೂಟು ಹಾಕಿಕೊಳ್ಳುತ್ತಾ ನಿಂತ. ಅಭ್ಯಾಸಬಲದಿಂದ ನನ್ನ ಕಣ್ಣು ಅವನ ಹಿಮ್ಮಡಿಗೆ ಹೋಯಿತು. ತುಮಕೂರಿನಲ್ಲಿ ಒಂಬತ್ತು ದಿನ ಅವನ ಬೆನ್ನ ಹಿಂದೆಯೇ ನಿಂತಿದ್ದೆನಲ್ಲ, ಆ ಕಿಟಕಿಯ ಗಾಜಿನ ಕಡೆ ಅವನ ಮುಖ ಹೇಗಿತ್ತೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳಿದ್ದರೆ ಏನೂ ಇಲ್ಲ ಎನ್ನುತ್ತಿದ್ದ.

ಎದ್ದು ಹೋಗಿ, ಅವನನ್ನು ದಾಟಿ ಬಾಗಿಲಿಗೆ ಅಡ್ಡ ನಿಂತೆ.

“ಏನೇ ಪುಟ್ಟಿ? ಹೊತ್ತಾಯ್ತು, ದಾರಿ ಬಿಡು” ಎಂದ.

ಬಿಡಲಿಲ್ಲ. ತಲೆ ಎತ್ತಿ ಅವನ ಮುಖ ನೋಡಿದೆ.