ಸರ್ಕಾರ ಬಚ್ಚಿಟ್ಟ ಮನುಷ್ಯ ತನ್ನ ಅಡುಗೆಮನೆಯಿಂದ ಬರೆದದ್ದು

'ಪರದೆ ಸರಿಸಿ' ವಾಹಿನಿಯ ಸ್ಥಾಪಕರೂ ಸಂಪಾದಕರೂ ವಿಶೇಷ ವರದಿಗಾರರೂ ಏಕೈಕ ಕ್ಯಾಮೆರಾಮನ್ನರೂ ಆದ ಶ್ರೀಮಾನ್ ಗರ್ಶೋಮ್ ಕಂಗ್ವಾ ಅವರ ಸನ್ನಿಧಿಗೆ,
ಕ್ಷೌರದಂಗಡಿಯ ಹಿಂಬದಿ, ಚಿಬಂಗಾ ಪಟ್ಟಣ, ಜಾಂಬಿಯಾ.

ಮಾನ್ಯರೇ,

ತಾವು ಕ್ಷೇಮವೆಂದೂ, ತಮ್ಮ ಫೋನಿನ ಬ್ಯಾಟರಿ ತುಂಬಿದೆಯೆಂದೂ, ತಾವು ಬೆನ್ನ ಹಿಂದೆ ತೂಗುಹಾಕಿಕೊಂಡು ಕೂರುವ ಆ ಕರಿಬಟ್ಟೆಗೆ ಜಿರಲೆ ಇನ್ನೂ ಬಾಯಿ ಹಾಕಿಲ್ಲವೆಂದೂ ನಂಬಿ ಈ ಪತ್ರ ಆರಂಭಿಸುತ್ತಿದ್ದೇನೆ. ನನ್ನ ಪರಿಚಯ ತಮಗೆ ಹೇಳಬೇಕಾಗಿಲ್ಲ. ನನ್ನ ಮುಖದ ಸುತ್ತ ಕೆಂಪು ವೃತ್ತ ಎಳೆದು ತಾವೇ ಊರಿಗೆಲ್ಲ ತೋರಿಸಿದ್ದೀರಿ. ಸರ್ಕಾರವು ಹಿಡಿದೊಯ್ದು, ನೆಲದಡಿಯ ಕೋಣೆಯಲ್ಲಿ ಬಚ್ಚಿಟ್ಟು, ಆಮೇಲೆ ಅವನ ಜಾಗಕ್ಕೆ ಅವನಂತೆಯೇ ಇರುವ ಇನ್ನೊಬ್ಬನನ್ನು ತಂದು ಕೂರಿಸಿದೆ ಎಂದು ತಾವು ಹೇಳುತ್ತಿರುವ ಪಂಪ್ ಆಪರೇಟರ್ ಕಾಸೊಂಡೆ ಲುಪುಪಾ ನಾನೇ. ಸದ್ಯ ನನ್ನದೇ ಅಡುಗೆಮನೆಯಲ್ಲಿ, ಒಂದು ಕಾಲು ಗಿಡ್ಡವಿರುವ ಸ್ಟೂಲಿನ ಮೇಲೆ ಕೂತಿದ್ದೇನೆ. ಇದ್ದಿಲೊಲೆಯ ಮೇಲೆ ಕಾಳು ಬೇಯುತ್ತಿದೆ. ಸೀದರೆ ನನ್ನ ತಲೆಗೆ ಬರುತ್ತದೆ, ಅಂದರೆ ಯಾವ ತಲೆ ಇದೆಯೋ ಅದಕ್ಕೆ.

ನಾನು ಕಾಗದ ಬರೆಯುವ ಜಾತಿಯವನಲ್ಲ. ಐವತ್ತು ವರ್ಷದ ಈ ಬಾಯಿ ಫೋನಿನ ಗುಂಡಿ ಒತ್ತಿ ಹಿಡಿದುಕೊಂಡು ಮಾತಾಡಿಯೇ ರೂಢಿ. ನಮ್ಮ ಬೀದಿಯ ಗುಂಪಿಗೆ ನಾನು ಕಳಿಸುವ ಧ್ವನಿ ಸಂದೇಶಗಳನ್ನು ಹೆಂಗಸರು ನ್ಶಿಮಾ ಮುದ್ದೆ ತಿರುವಲು ಶುರುಮಾಡುವಾಗ ಹಾಕಿಕೊಂಡು ಮುದ್ದೆ ಇಳಿಸುವಾಗ ಮುಗಿಸುತ್ತಾರೆಂದು ಪ್ರತೀತಿ. ಆದರೆ ನನ್ನ ದನಿಯೇ ಖೋಟಾ ಎಂದು ತಾವು ಸಾಬೀತುಪಡಿಸಿರುವುದರಿಂದ, ದನಿಯಿಲ್ಲದ ಈ ಕಾಗದವನ್ನು ಕ್ಷೌರದಂಗಡಿಯ ಕನ್ನಡಿಗೆ ಅಂಟಿಸುತ್ತಿದ್ದೇನೆ. ಗಡ್ಡಕ್ಕೆ ನೊರೆ ಹಚ್ಚಿಸಿಕೊಂಡವರು ಓಡಿಹೋಗಲಾರರು, ಓದಲೇಬೇಕು.

ಮೊದಲು ತಮ್ಮ ಉಪಕಾರ ಸ್ಮರಿಸದಿದ್ದರೆ ನಾನು ಕೃತಘ್ನನಾದೇನು. ಶಾಲೆಗೆ ಹಾಕಿದ ಹೊಸ ತಗಡಿನ ಮಾಡು ಮಕ್ಕಳ ಮಾತನ್ನು ಕದ್ದು ಕೇಳಿ ರಾಜಧಾನಿಗೆ ಕಳಿಸುತ್ತದೆಂದು ನಮಗೆ ತಿಳಿಸಿಕೊಟ್ಟವರು ತಾವು. ಗಣಿಯ ಹಿಂದಿನ ಗುಡ್ಡ ಒಳಗೆ ಟೊಳ್ಳೆಂದೂ, ಅಲ್ಲಿ ಮಂತ್ರಿಗಳು ಪ್ರಳಯ ಕಾಲಕ್ಕೆಂದು ಒಣಮೀನು ಕೂಡಿಡುತ್ತಿದ್ದಾರೆಂದೂ ಹೇಳಿದವರು ತಾವು. ಅದನ್ನು ಕೇಳಿದ ಮೇಲೆ ನಮ್ಮ ಸಂತೆಯಲ್ಲಿ ಒಣಮೀನು ಯಾಕೆ ಸಿಗುತ್ತಿಲ್ಲ ಎನ್ನುವುದು ಎಲ್ಲರಿಗೂ ಅರ್ಥವಾಗಿ, ಮೀನು ಸಿಗದಿದ್ದರೂ ಮನಸ್ಸಿಗೆ ಸಮಾಧಾನವಾಯಿತು. ಹೊಟ್ಟೆಗಿಲ್ಲದವನಿಗೆ ಕಾರಣವನ್ನಾದರೂ ಬಡಿಸುವವರು ಈ ಕಾಲದಲ್ಲಿ ಎಷ್ಟು ಜನರಿದ್ದಾರೆ?

ಇನ್ನು ನನ್ನ ವಿಷಯ. ಮಳೆಗಾಲದ ಕೊನೆಗೆ ಊರಿನ ನಲ್ಲಿಗಳು ಒಣಗಿ ನಿಂತದ್ದು ತಮಗೆ ನೆನಪಿರಬಹುದು. ನಾನು ಅಣೆಕಟ್ಟಿನಿಂದ ನೀರು ಎಳೆಯುವ ಕೊಳವೆಯ ಬಾಯಿಗೆ ಇಳಿದು ನೋಡಿದರೆ, ಚೆನ್ನಾಗಿ ಉಂಡು ಬೆಳೆದ ಒಂದು ಉಡ ಅಲ್ಲಿ ಸಿಕ್ಕಿಕೊಂಡಿತ್ತು. ಹಗ್ಗ ಹಾಕಿ ಎಳೆದೆವು, ಅದು ಹೊರಬಂದು ಜಂಬದಿಂದ ನಡೆದುಹೋಯಿತು, ನೀರು ಬಂತು. ನಾನು ಗುಂಪಿಗೆ ಒಂದು ಸಂದೇಶ ಬಿಟ್ಟೆ: "ಕೇಳ್ರಪ್ಪಾ, ನೀರು ಯಾಕ್ ನಿಂತಿತ್ತು ಅಂದ್ರೆ ಒಳಗಡೆ ಒಬ್ರು ದೊಡ್ಡೋರು ಸಿಕ್ಕಾಕ್ಕೊಂಡಿದ್ರು. ಹೊಟ್ಟೆ ನೋಡಿದ್ರೆ ಮಂತ್ರಿ ಇದ್ದಂಗಿತ್ತು. ನಮ್ ಸಾಹೇಬ್ರು ಫೋಟೋ ತೆಗೀಬೇಡ ಅಂದ್ರು, ಅದಕ್ಕೇ ತೆಗೀಲಿಲ್ಲ." ಸಾಹೇಬರು ಹಾಗೆಂದದ್ದು ಅವರೂ ಅಂಗಿ ಬಿಚ್ಚಿ ಹಗ್ಗ ಹಿಡಿದಿದ್ದರಿಂದ. ಅದನ್ನು ಹೇಳುವಷ್ಟರಲ್ಲಿ ನನ್ನ ಫೋನು ಕೈಜಾರಿ ಪಂಪಿನ ಗುಂಡಿಗೆ ಬಿತ್ತು.

ತಾವು ಇದರಿಂದ ಏನೆಲ್ಲ ತೆಗೆದಿರಿ! ಅಣೆಕಟ್ಟಿನೊಳಗೆ ಸರ್ಕಾರ ಏನನ್ನೋ ಸಾಕುತ್ತಿದೆ, ಅದಕ್ಕೆ ಮಂತ್ರಿಯ ಹೊಟ್ಟೆ ಇದೆ, ನೋಡಿದವನ ಫೋನು ಕಸಿದುಕೊಂಡಿದ್ದಾರೆ, ಅವನನ್ನು ಹೊತ್ತೊಯ್ದಿದ್ದಾರೆ. ಪುರಾವೆ ಏನು ಎಂದರೆ ಕಾಸೊಂಡೆ ಲುಪುಪಾ ವಾರವಿಡೀ ಮಾತಾಡಿಲ್ಲ. ಇಲ್ಲಿ ಮಾತ್ರ ನಾನು ತಮ್ಮನ್ನು ದೂರಲಾರೆ. ನನ್ನನ್ನು ಹತ್ತಿರದಿಂದ ಬಲ್ಲವರೇ ಇದನ್ನು ಕೇಳಿ ತಲೆಯಾಡಿಸಿದರಂತೆ. "ಅವ್ನು ಸುಮ್ನಿದಾನೆ ಅಂದ್ರೆ ಸತ್ತೇ ಇರ್ಬೇಕು ಬಿಡ್ರೀ," ಎಂದು ನನ್ನ ಸ್ವಂತ ಭಾವಮೈದುನನೇ ಸಂತೆಯಲ್ಲಿ ಹೇಳಿದ್ದಾನೆ.

ಸುದ್ದಿ ಅಂಬುಯಾ ಮಸೆಕೋ ಅವರ ಕಿವಿಗೆ ಬಿತ್ತು. ಬಸ್ ನಿಲ್ದಾಣದಲ್ಲಿ ವಿತುಂಬುವಾ ಎಂಬ ಸಿಹಿ ಬೋಂಡ ಕರಿದು ಮಾರುವ ಈ ಅಜ್ಜಿ ಎನ್ಗೋನಿ ಕುಲದವರು, ನಾನು ಬೆಂಬಾ. ನಮ್ಮ ಹಿರಿಯರು ಕತ್ತಿಯಿಂದ ಹೊಡೆದಾಡಿ ಸಾಕಾಗಿ, ಇನ್ನು ಮುಂದೆ ಬಾಯಲ್ಲಿ ಹೊಡೆದಾಡೋಣ ಎಂದು ರಾಜಿಯಾದವರೆನ್ನುವುದು ತಮಗೂ ಗೊತ್ತು. ಬೆಂಬಾ ಸತ್ತರೆ ಎನ್ಗೋನಿ ಬಂದು ಹೆಣವನ್ನು ಗೇಲಿ ಮಾಡಲೇಬೇಕು, ಅಳುವವರನ್ನು ನಗಿಸಲೇಬೇಕು, ತಡೆಯುವ ಹಕ್ಕು ಮನೆಯವರಿಗಿಲ್ಲ. ಅವರ ಬಾಯಲ್ಲಿ ನಾವು ಕೋತಿ ತಿನ್ನುವವರು, ನಮ್ಮ ಬಾಯಲ್ಲಿ ಅವರು ಇಲಿ ತಿನ್ನುವವರು. ಆ ಹಕ್ಕಿನಂತೆ ಅವರು ತಮ್ಮ ಕಡೆಯ ಹೆಂಗಸರನ್ನು ಕಟ್ಟಿಕೊಂಡು ನನ್ನ ಗೇಟಿಗೆ ಬಂದು ಎದೆ ಬಡಿದುಕೊಂಡರು.

"ಅಯ್ಯಯ್ಯೋ, ಕೋತಿ ತಿನ್ನೋನು ಹೋಗ್ಬಿಟ್ನಲ್ರಪ್ಪೋ! ಇವತ್ತು ಕಾಡಲ್ಲಿ ಕೋತಿಗಳಿಗೆಲ್ಲಾ ಹಬ್ಬ ಕಣ್ರಪ್ಪೋ!"

ನಾನು ಅಂಗಳದಲ್ಲಿ ಅಂಗಿ ಒಣಹಾಕುತ್ತಿದ್ದೆ. "ಅಂಬುಯಾ, ನಾನಿಲ್ಲೇ ಇದೀನಿ, ಬದುಕಿದೀನಿ," ಎಂದೆ.

"ಸತ್ತೋರು ಮಧ್ಯ ಬಾಯಿ ಹಾಕ್ಬಾರ್ದು, ಹೋಗಿ ಮಲ್ಕೋ," ಎಂದು ಗದರಿಸಿ, ನನ್ನ ಹೆಂಡತಿಯ ಕಡೆ ತಿರುಗಿ, "ಏನಮ್ಮಾ, ಅಷ್ಟ್ ದೂರದಿಂದ ಅಳೋಕೆ ಬಂದಿದೀವಿ, ಒಲೆ ಮೇಲೆ ಏನೂ ಇಲ್ವಾ? ಇವ್ನು ಬದುಕಿದ್ದಾಗ್ಲೂ ಜಿಪುಣ, ಸತ್ಮೇಲೂ ಜಿಪುಣ!" ಎಂದರು. ಉಂಡೇ ಹೋದರು. ನನಗೂ ಒಂದು ತಟ್ಟೆ ಕೊಟ್ಟರು, ಸತ್ತವನ ಪಾಲೆಂದು.

ಇದನ್ನು ಯಾರೋ ಬೇಲಿಯಾಚೆಯಿಂದ ಚಿತ್ರೀಕರಿಸಿ ತಮಗೆ ಒಪ್ಪಿಸಿದರು. ತಾವು ಅದರಿಂದ ನನ್ನ ಮಾತನ್ನೂ ಅವರ ನಗುವನ್ನೂ ಕತ್ತರಿಸಿ, ಅಳುವನ್ನು ಮಾತ್ರ ಉಳಿಸಿ, 'ಗುಟ್ಟಾಗಿ ನಡೆದ ಅಂತ್ಯಕ್ರಿಯೆ' ಎಂದು ಬಿತ್ತರಿಸಿದಿರಿ. ತಾವೂ ಬೆಂಬಾ ಮನೆತನದವರೇ, ಗರ್ಶೋಮ್ ಅವರೇ. ಎನ್ಗೋನಿಯ ಅಳು ಯಾವುದು, ಆಟ ಯಾವುದು ಎನ್ನುವುದು ತೊಟ್ಟಿಲ ಕೂಸಿಗೂ ತಿಳಿಯುವ ಊರಿನಲ್ಲಿ ಹುಟ್ಟಿದವರು. ತಿಳಿದೂ ಕತ್ತರಿಸುವುದಕ್ಕೆ ಎಂಥ ಧೈರ್ಯ ಬೇಕು!

ಆಮೇಲೆ ನಾನು ಹೊಸ ಫೋನು ಹಿಡಿದು, ನೆಗಡಿಯ ಮೂಗಿನಲ್ಲಿ, "ಬದುಕಿದೀನಿ ಕಣ್ರಪ್ಪಾ" ಎಂದು ಸಂದೇಶ ಕಳಿಸಿದಾಗ ತಾವು ಹಳೆಯ ದನಿಯನ್ನೂ ಹೊಸ ದನಿಯನ್ನೂ ಪಕ್ಕಪಕ್ಕ ಕೇಳಿಸಿ, ಸತ್ತವನ ಜಾಗಕ್ಕೆ ಸರ್ಕಾರ ಬದಲಿ ಮನುಷ್ಯನನ್ನು ಕಳಿಸಿದೆ ಎಂದು ಘೋಷಿಸಿದಿರಿ. ಮಾರನೆಯ ವಾರ ಸತ್ತಿಲ್ಲ, ನೆಲದಡಿ ಇದ್ದಾನೆ ಎಂದು ತಿದ್ದಿದಿರಿ. ಬದುಕಿಸಿದ್ದಕ್ಕೆ ಋಣಿ.

ಇಷ್ಟರವರೆಗೆ ನಾನೂ ನಕ್ಕೆ, ಮಾನ್ಯರೇ. ಕೆಲಸದಲ್ಲಿ ಎಲ್ಲರೂ ನನ್ನನ್ನು 'ಬದಲಿ' ಎಂದೇ ಕರೆಯುತ್ತಿದ್ದರು, ಚಹಾ ಕೊಡುವಾಗ "ನಿಮ್ಗೆ ಸಕ್ಕರೆನಾ, ಸೀಮೆಎಣ್ಣೆನಾ?" ಎನ್ನುತ್ತಿದ್ದರು. ನಗು ನಿಂತದ್ದು ಮಗಳು ಮ್ವಾಬಾಳ ಮದುವೆಯ ಮಾತಿಗೆ ಬಂದಾಗ. ಅವಳು ನರ್ಸು. ಹುಡುಗ ಫ್ರೆಡ್ಸನ್ ಬಡಗಿ, ಕಡಿಮೆ ಮಾತಿನವನು. ನಮ್ಮ ಮನೆಗೆ ಅಂಥವನೊಬ್ಬ ಬೇಕಿತ್ತು. ಅವನ ಕಡೆಯಿಂದ ಶಿಬುಕೊಂಬೆ ಬಂದರು, ಎರಡೂ ಮನೆಯ ನಡುವೆ ಮಾತು ಹೊರುವ ಹಿರಿಯರು, ಮುಪೆಟಾ ಎಂದು ಹೆಸರು. ತಟ್ಟೆಯ ಮೇಲೆ ತಟ್ಟೆ ಕವುಚಿ, ಒಳಗೆ ಬಿಳಿ ಮಣಿ ಇಟ್ಟು, ಬಿಳಿ ಬಟ್ಟೆ ಹೊದಿಸಿ ತಂದರು. ಜೊತೆಗೆ ಹುಡುಗನ ಸೋದರಮಾವ ಲಾಸ್ಟನ್ ಇದ್ದರು. ಅವರು 'ಪರದೆ ಸರಿಸಿ'ಯ ಭಕ್ತರು.

ಆ ತಟ್ಟೆಯನ್ನು ಹುಡುಗಿಯ ಅಪ್ಪ ಮುಟ್ಟಿದರೆ ಸಂಬಂಧ ಒಪ್ಪಿದಂತೆ. ನಾನು ಕೈ ಚಾಚಿದೆ. ಲಾಸ್ಟನ್ ತಟ್ಟೆಯನ್ನು ಹಿಂದಕ್ಕೆಳೆದುಕೊಂಡರು.

"ತಪ್ಪು ತಿಳ್ಕೋಬೇಡಿ. ಇವ್ರು ಅವ್ರೇ ಅಂತ ಖಾತ್ರಿ ಆಗ್ದೆ ಇದ್ನ ಕೊಟ್ರೆ, ನಾಳೆ ನಿಜವಾದ ಅಪ್ಪ ಬಂದು ನಾನು ಒಪ್ಪೇ ಇಲ್ಲ ಅಂದ್ರೆ? ಹುಟ್ಟೋ ಮಕ್ಳು ಯಾರ ಮೊಮ್ಮಕ್ಳು?"

ಮುಪೆಟಾ ನನ್ನನ್ನು ಎಂದಿನಂತೆ 'ಮ್ವಾಬಾ ಅಪ್ಪ' ಎಂದು ಕರೆಯಲು ಬಾಯಿ ತೆರೆದವರು, ಅರ್ಧಕ್ಕೆ ನಿಲ್ಲಿಸಿ, "ಇವ್ರೇ, ಸ್ವಲ್ಪ ಟೈಮ್ ಕೊಡಿ," ಎಂದರು. ಮಾನ್ಯರೇ, ಈ ಊರಿನಲ್ಲಿ ಮಗಳು ಹುಟ್ಟಿದ ದಿನದಿಂದ ನನಗೆ ಬೇರೆ ಹೆಸರಿಲ್ಲ. ತಟ್ಟೆ ವಾಪಸು ಹೋಯಿತು. ಅದರೊಂದಿಗೆ ಹೆಸರೂ ಹೋಯಿತು.

ಅಂದು ಮ್ವಾಬಾ ನನಗೆ ಚಹಾ ತಂದುಕೊಟ್ಟು, ಲೋಟ ಬಿಡದೆ ನನ್ನ ಮುಖವನ್ನೇ ನೋಡಿದಳು. "ಅಪ್ಪಾ, ನಾನು ಚಿಕ್ಕೋಳಿದ್ದಾಗ ನನ್ನ ಏನಂತ ಕರೀತಿದ್ರಿ?" ಎಂದಳು. "ಅಳಿಲು," ಎಂದೆ. "ಸುಮ್ನೆ ಕೇಳ್ದೆ," ಎಂದು ನಕ್ಕಳು. ಉತ್ತರ ಸರಿಯಾಗಿತ್ತು. ಪ್ರಶ್ನೆ ಬಂತಲ್ಲ ಎನ್ನುವುದು ಮಾತ್ರ ಎದೆಯೊಳಗೆ ಮೀನುಮುಳ್ಳಿನಂತೆ ಕೂತಿದೆ. ತಮ್ಮ ವಾಹಿನಿಯನ್ನು ಬಹಳ ಜನ ನೋಡುತ್ತಾರೆ ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಪ್ರಮಾಣಪತ್ರ ತಮಗೆ ಸಿಗಲಾರದು, ಕಟ್ಟು ಹಾಕಿಸಿ ಗೋಡೆಗೆ ತೂಗಿಸಿ.

ಅವರು ಇನ್ನೊಂದು ಸಲ, ಕೊನೆಯ ಸಲ, ಬರುವುದೆಂದಾಯಿತು. ಹೆಂಡತಿ ನನಗೆ ಪಾಠ ಹೇಳಿ ಕೂರಿಸಿದಳು: "ಬಾಯಿ ಬಿಡ್ಬೇಡಿ. ಗಂಭೀರವಾಗಿರಿ. ಬೀಗರ ಮುಂದೆ ಅಪ್ಪ ಅನ್ನಿಸ್ಕೊಂಡೋನು ಹೇಗಿರ್ತಾನೋ ಹಾಗಿರಿ." ಕೋಟು ಹಾಕಿ, ಕೈಕಟ್ಟಿ, ತುಟಿ ಬಿಗಿದು ಕೂತೆ. ಲಾಸ್ಟನ್ ಕೇಳಿದ್ದಕ್ಕೆಲ್ಲ "ಹೌದು", "ಅಲ್ಲ" ಎಂದೆ. ಅವರು ಮುಪೆಟಾರ ಕಿವಿಯಲ್ಲಿ ಪಿಸುಗುಟ್ಟಿದ್ದು ನನಗೂ ಕೇಳಿಸಿತು. "ನೋಡಿದ್ರಾ? ಕಾಸೊಂಡೆ ಇಷ್ಟ್ ಕಡಿಮೆ ಮಾತಾಡ್ತಾನಾ? ಇದು ಸರ್ಕಾರಿ ಮಾಲೇ." ಮುಪೆಟಾ ನಿಟ್ಟುಸಿರುಬಿಟ್ಟು ತಟ್ಟೆಗೆ ಮತ್ತೆ ಬಟ್ಟೆ ಹೊದಿಸತೊಡಗಿದರು. ಮ್ವಾಬಾ ಒಳಬಾಗಿಲಲ್ಲಿ ಕಣ್ಣು ಕೆಳಗೆ ಮಾಡಿ ನಿಂತಿದ್ದಳು.

ಆಗ ಅಂಬುಯಾ ಮಸೆಕೋ ವಿತುಂಬುವಾ ಬಕೆಟ್ಟಿನೊಂದಿಗೆ, ಯಾರೂ ಕರೆಯದೆ, ಬಂದರು.

"ಏನೋ ಕೋತಿ ಕಳ್ಳ, ಸರ್ಕಾರ ನಿನ್ನಂಥೋನ್ನೇ ಇನ್ನೊಬ್ಬನ್ನ ಮಾಡಿಸ್ತಂತೆ? ಒಬ್ಬನ್ನ ಮಾಡಿದ್ದಕ್ಕೇ ದೇವ್ರು ಇನ್ನೂ ತಲೆ ಚಚ್ಕೋತಾ ಕೂತಿದಾನೆ!"

ನನಗೆ ಬೀಗರು ಮರೆತುಹೋದರು, ಕೋಟು ಮರೆತುಹೋಯಿತು. "ನಿನ್ನಂಥೋಳ್ನ ಇನ್ನೊಂದ್ ಮಾಡಕ್ಕೋದ್ರೆ ಅಚ್ಚೇ ಒಡ್ದೋಗುತ್ತೆ, ಇಲಿ ಮುಕ್ಕಿ! ನೀನು ಈ ಬೀದಿಗೆ ಬಂದಾಗಿಂದ ನಮ್ಮನೆ ಬೆಕ್ಕು ಉಪವಾಸ!"

"ನಿಮ್ಮಜ್ಜ ಯುದ್ಧದಲ್ಲಿ ಓಡಿದ ಓಟ ಇನ್ನೂ ನಿಂತಿಲ್ವಲ್ಲೋ!"

"ಹೆಂಗ್ ನಿಲ್ಲುತ್ತೆ? ಮುಂದ್ಗಡೆ ನಿಮ್ಮಜ್ಜ ಓಡ್ತಿದ್ದ, ನಮ್ಮೋನು ಹಿಡ್ಯಕ್ ಹೋದ! ಅವ್ನು ಬಿಟ್ಟೋದ ಚಪ್ಲಿ ಇನ್ನೂ ನಮ್ಮನೇಲೇ ಇದೆ, ತಗೊಂಡೋಗು! ವಾಸ್ನೆಗೆ ನಿದ್ದೆ ಬರ್ತಿಲ್ಲ!"

ನಾನು ಎದ್ದು ನಿಂತಿದ್ದೆ. ಸ್ಟೂಲು ಉರುಳಿತ್ತು. ಅಜ್ಜಿ ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕೂತುಬಿಟ್ಟಿದ್ದರು. ಮುಪೆಟಾ ಮೊದಲು ಕೆಮ್ಮಿದರು, ಆಮೇಲೆ ಮಾನ ಬಿಟ್ಟು ನಕ್ಕರು. ಕಣ್ಣೊರೆಸಿಕೊಳ್ಳುತ್ತ ಲಾಸ್ಟನ್ ಕಡೆ ತಿರುಗಿ ಹೇಳಿದರು: "ಮಾರಾಯ, ಈ ಸರ್ಕಾರಕ್ಕೆ ಸಂತೆ ರಸ್ತೆಯ ಗುಂಡಿ ಮುಚ್ಚೋಕಾಗಿಲ್ಲ. ಇಂಥಾ ಬಾಯಿ ತಯಾರು ಮಾಡುತ್ತಾ?"

ಲಾಸ್ಟನ್ ಬಹಳ ಹೊತ್ತು ಯೋಚಿಸಿದರು. ಗುಂಡಿಯ ವಿಷಯದಲ್ಲಿ ಅವರಿಗೂ ಸಂಶಯವಿರಲಿಲ್ಲ. ತಟ್ಟೆಯ ಮೇಲಿಂದ ಕೈ ತೆಗೆದರು.

"ತಗೊಳ್ಳಿ, ಮ್ವಾಬಾ ಅಪ್ಪ," ಎಂದರು ಮುಪೆಟಾ.

ನಾನು ತಗೊಂಡೆ. ಒಳಬಾಗಿಲ ಕಡೆ ನೋಡುವ ಧೈರ್ಯ ಆಮೇಲೆ ಬಂತು. ಅಳಿಲು ಹೊದ್ದ ಬಟ್ಟೆಯ ಅಂಚು ಬಾಯಿಗಿಟ್ಟುಕೊಂಡು ನಗುತ್ತಿತ್ತು.

ಆದ್ದರಿಂದ ಈಗ ತಮ್ಮಲ್ಲಿ ಕೆಲವು ವಿನಮ್ರ ಬೇಡಿಕೆಗಳು. ನಾನು ಅಸಲಿ ಎಂದು ದಯವಿಟ್ಟು ಬಿತ್ತರಿಸಬೇಡಿ, ಆಮೇಲೆ ಯಾರೂ ನಂಬುವುದಿಲ್ಲ. ನಾನು ಅಸಲಿ ಎನ್ನುವುದನ್ನು ಸರ್ಕಾರ ಮುಚ್ಚಿಡುತ್ತಿದೆ ಎಂದು ಬಿತ್ತರಿಸಿ, ಲಾಸ್ಟನ್ ಅವರ ಉಳಿದ ಬಂಧುಗಳೂ ಒಪ್ಪಿಬಿಡುತ್ತಾರೆ. ನೆಲದಡಿಯ ಕೋಣೆಗೆ ತಮಗೆ ಹೋಗಿಬರುವ ದಾರಿ ಗೊತ್ತಿರುವುದರಿಂದ, ಅಲ್ಲಿರುವ ಇನ್ನೊಬ್ಬ ಕಾಸೊಂಡೆಗೆ ಜೋಳದ ಕೊಯ್ಲು ಮುಗಿದ ಮೇಲೆ ಮದುವೆ ಎಂದು ತಿಳಿಸಿ. ಕುರ್ಚಿ ಹೊರಲು ಒಬ್ಬ ಆಳು ಕಡಿಮೆಯಿದ್ದಾನೆ. ಸರ್ಕಾರ ನಿಜಕ್ಕೂ ಬದಲಿ ಅಂಗಗಳನ್ನು ಮಾಡಿಸುತ್ತಿದ್ದರೆ ನನ್ನ ಎಡ ಮೊಣಕಾಲಿಗೆ ಒಂದು ಶಿಫಾರಸು ಮಾಡಿ. ಮತ್ತು ಮದುವೆಗೆ ತಾವೂ ಬನ್ನಿ. ಕ್ಯಾಮೆರಾ ತನ್ನಿ, ಕತ್ತರಿ ಮನೆಯಲ್ಲೇ ಇರಲಿ.

ತಮ್ಮ ವಿಶ್ವಾಸಿ, ತಾವು ಅವಿಶ್ವಾಸ ತೋರಿದರೂ,
ಕಾಸೊಂಡೆ ಲುಪುಪಾ, ಉರುಫ್ ಮ್ವಾಬಾ ಅಪ್ಪ

ಮರೆತ ಮಾತು: ತಮ್ಮ ವಾಹಿನಿಯಲ್ಲಿ ಕೆಲವು ದಿನಗಳಿಂದ ಏನೂ ಬಂದಿಲ್ಲ. ತಮ್ಮ ಬೀದಿಯಲ್ಲಿ ಕರೆಂಟಿಲ್ಲ, ಅಷ್ಟೇ ಕಾರಣ ಎಂದು ನಾನು ಎಲ್ಲರಿಗೂ ಹೇಳುತ್ತಿದ್ದೇನೆ, ಯಾರೂ ಕೇಳುತ್ತಿಲ್ಲ. "ಗರ್ಶೋಮ್ ಸುಮ್ನಿದಾನೆ ಅಂದ್ರೆ ಏನೋ ಆಗಿದೆ," ಎನ್ನುತ್ತಿದ್ದಾರೆ. ಅಂಬುಯಾ ಮಸೆಕೋ ತಮ್ಮ ಕಡೆಯ ಹೆಂಗಸರನ್ನು ಕೂಡಿಸಿಕೊಂಡು, ಖಾಲಿ ಬಕೆಟ್ಟು ಹಿಡಿದು, ತಾವಿರುವ ಮನೆಯ ಕಡೆಗೆ ಈಗಷ್ಟೇ ಹೊರಟರು. ತಾವು ಬದುಕಿದ್ದರೂ ಒಲೆಯ ಮೇಲೆ ದೊಡ್ಡ ಪಾತ್ರೆ ಇಡುವುದು ಕ್ಷೇಮ.