ಮಾವನ ಜೂನ್ ಮತ್ತು ಕರಿ ಕಂಬಳಿ

ನಾನು ನಿಂತಿದ್ದದ್ದು ಹೊಸದುರ್ಗದ ಹತ್ತಿರ ಇರುವ ನಮ್ಮ ಅಜ್ಜಿಮನೆಯ ಪಡಸಾಲೆಯಲ್ಲಿ, ಅಡುಗೆಮನೆಯ ಬಾಗಿಲಿಗೆ ಒರಗಿಕೊಂಡು. ಜೂನ್ ತಿಂಗಳ ಭಾನುವಾರ; ಬೆಳಗಿನ ಉಪ್ಪಿಟ್ಟು ಮುಗಿದಿತ್ತು, ಬಿಸಿಲು ಇನ್ನೂ ಹೊಸ್ತಿಲಿಗೆ ಬಂದಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ನಮ್ಮ ಸೋದರಮಾವನ ವಿಷಯದಲ್ಲಿ ಕಂಡವರಿಗಿಂತ ಕೇಳಿದವರೇ ಹೆಚ್ಚು. ನಾನು ಕಂಡವನು.

ನಮ್ಮ ಮಾವನಿಗೆ ವರ್ಷದಲ್ಲಿ ಹನ್ನೊಂದು ತಿಂಗಳು ಬುದ್ಧಿ ನೆಟ್ಟಗಿರುತ್ತದೆ. ಉಳಿದದ್ದು ಜೂನ್! ಗಂಡಸನ್ನು ಪ್ರೀತಿಸುವ ಗಂಡಸರು, ಹೆಂಗಸನ್ನು ಪ್ರೀತಿಸುವ ಹೆಂಗಸರು, ಹುಟ್ಟಿದಾಗ ಊರು ಅಂಟಿಸಿದ ಗಂಡು-ಹೆಣ್ಣೆಂಬ ಗುರುತಿಗೆ ಒಗ್ಗದವರು, ಇವರೆಲ್ಲ ತಲೆ ಎತ್ತಿ ನಡೆಯುವ ತಿಂಗಳು ಅದು, ಪ್ರೈಡ್ ತಿಂಗಳು. ದೊಡ್ಡ ಊರುಗಳಲ್ಲಿ ಮೆರವಣಿಗೆ ಮಾಡುತ್ತಾರೆ. ಮಾವ ಇರುವುದು ಹಿರಿಯೂರಿನಲ್ಲಿ, ಒಂದು ಪುಟ್ಟ ಕನ್ನಡಕದ ಅಂಗಡಿ ಇಟ್ಟುಕೊಂಡು. ಒಬ್ಬನೇ ಮೆರವಣಿಗೆ ಹೋದರೆ ಅದನ್ನು ವಾಕಿಂಗ್ ಅನ್ನುತ್ತಾರಲ್ಲವೇ? ಹಾಗಾಗಿ ಅವನು ಬೇರೆ ದಾರಿ ಹಿಡಿದ.

ಜೂನ್ ಬಂತೆಂದರೆ ಅಂಗಡಿಯ ಗೋಡೆಯಿಂದ ಕಣ್ಣು ಪರೀಕ್ಷೆಯ ಅಕ್ಷರಗಳ ಹಲಗೆ ಇಳಿಯುತ್ತದೆ. ಅದರ ಜಾಗಕ್ಕೆ ಮಾವ ತಾನೇ ಬರೆದ ಪುಟವೊಂದು ಏರುತ್ತದೆ. ಮೇಲಿನ ಸಾಲು ದೊಡ್ಡದು, ಕೆಳಕೆಳಗೆ ಸಣ್ಣದು. ಒಮ್ಮೆ ನಾನಿದ್ದಾಗಲೇ ಭೀಮಸಮುದ್ರದ ಅಡಿಕೆ ವ್ಯಾಪಾರಿಯೊಬ್ಬರು ಕುರ್ಚಿಯಲ್ಲಿ ಕೂತು ಓದತೊಡಗಿದರು.

"ಸಂತೆ ಮುಗೀತು. ಅವನು ಅವನ ಕೈ ಹಿಡಿದುಕೊಂಡ..." ಅಲ್ಲಿಗೆ ನಿಲ್ಲಿಸಿದರು. "ಏನ್ರಿ ಇದು, ತಪ್ಪು ಪ್ರಿಂಟಾಗೈತೆ. ಅವಳ ಕೈ ಅಂತಿರಬೇಕಿತ್ತು."

"ಪ್ರಿಂಟು ಸರಿಯಾಗೈತ್ರಿ," ಅಂದ ಮಾವ. "ನಿಮ್ಮ ನಂಬರೇ ಸ್ವಲ್ಪ ಏರಿಸ್ಬೇಕು."

ಮಸೂರ ಬದಲಾಯಿಸಿದ. ಅವರು ಮತ್ತೆ ಓದಿದರು. ಅವನು ಅವನ ಕೈಯನ್ನೇ ಹಿಡಿದಿದ್ದ. ವ್ಯಾಪಾರಿ ಕೆಳಗಿನ ಸಾಲನ್ನೂ ಓದಿ, ಅದರ ಕೆಳಗಿನದನ್ನೂ ಓದಿ, ಕೊನೆಗೆ ಕೇಳಿದರು: "ಇನ್ನೊಂದು ಪುಟ ಇಲ್ವೇನ್ರಿ?"

ಅದೇ ತಿಂಗಳಲ್ಲಿ ಒಂದು ದಿನ ಜೋಗಿಮಟ್ಟಿಯ ಮರಗಳ ಕೆಳಗೆ ಅವನ ಓದುಗರ ಕೂಟ. ಹೊಳಲ್ಕೆರೆಯಿಂದ ಗಂಗಮ್ಮ ಬರುತ್ತಾಳೆ. ಹುಟ್ಟಿದಾಗ ಮನೆಯವರು ಗಂಡು ಹೆಸರಿಟ್ಟಿದ್ದರು, ಈ ಹೆಸರನ್ನು ಅವಳೇ ಇಟ್ಟುಕೊಂಡದ್ದು. ಬಬ್ಬೂರಿನಿಂದ ಇಬ್ಬರು ಹೆಂಗಸರು ಬರುತ್ತಾರೆ, ಊರಿಗೆ ಅವರು ಅಕ್ಕತಂಗಿಯರು, ಮಾವನಿಗೆ ದಂಪತಿ. ಮಾವ ತಮ್ಮಂಥವರ ಕಥೆಗಳನ್ನು ಗಟ್ಟಿಯಾಗಿ ಓದುತ್ತಾನೆ, ಉಳಿದವರು ರೊಟ್ಟಿ ಬಿಚ್ಚುತ್ತಾರೆ. ಊಟವಾದ ಮೇಲೆ ಎಲ್ಲರೂ ಕಡ್ಡಾಯವಾಗಿ ನಿದ್ದೆ ಮಾಡಬೇಕು. ಇದು ಮಾವನ ಕಾನೂನು!

"ಇಷ್ಟು ದಿನ ಯಾರು ನೋಡ್ತಾರೋ ಅಂತ ಒಂದು ಕಣ್ಣು ಬಿಟ್ಕಂಡೇ ಮಲಗಿದೋರು ನಾವು," ಅನ್ನುತ್ತಿದ್ದ. "ನಮ್ಮ ಮೈಯನ್ನ ನಾವೇ ಜೋಪಾನ ಮಾಡ್ಕಬೇಕು. ಇಲ್ಲಿ ಎರಡೂ ಮುಚ್ರಿ."

"ಕರಡಿ ಬಂದ್ರೆ?" ಅಂದಳು ಗಂಗಮ್ಮ.

"ಕರಡಿ ಯಾರಿಗೂ ಹೇಳಲ್ಲ ಬಿಡವ್ವ."

ಅವರು ಮಲಗಿದ್ದನ್ನು ನಾನು ಕಾವಲು ಕೂತು ನೋಡಿದ್ದೇನೆ. ದೊಡ್ಡವರು ಅಷ್ಟು ಮೈಮರೆತು ಮಲಗುವುದನ್ನು ಬೇರೆಲ್ಲೂ ಕಂಡಿಲ್ಲ.

ಹೀಗಿರುವಾಗ ನನ್ನ ತಂಗಿ ಸುಮಾಳ ಮದುವೆ ಗೊತ್ತಾಯಿತು. ಆಷಾಢ ಹಿಡಿಯುವ ಮುಂಚೆ ಮುಹೂರ್ತ, ಅಂದರೆ ಜೂನ್! ಮಾವ ಕೂಟದ ಬೇರೆಯವರ ಮುಖ ಬಾರದಂತೆ ತನ್ನದೊಂದೇ ಫೋಟೊವನ್ನು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದ. ಹಿಂದೆ ಕನ್ನಡಕ ಒರೆಸುವ ಬಣ್ಣಬಣ್ಣದ ಬಟ್ಟೆಗಳ ತೋರಣ, ಕೈಯಲ್ಲಿ ಪುಸ್ತಕ, ಕೆಳಗೆ ಬರಹ: 'ಪ್ರೈಡ್ ತಿಂಗಳ ಶುಭಾಶಯ. ನಾನೂ ಇವರಲ್ಲೊಬ್ಬ.'

"ಎಲ್ರೂ ಉಗಾದಿಗೆ ಶುಭಾಶಯ ಹೇಳಿದ್ರೆ ಇವಂದೊಂದು!" ಅಂತ ನಮ್ಮವ್ವ ತಲೆ ಚಚ್ಚಿಕೊಂಡಳು. ಮದುವೆಯ ಕರೆಯೋಲೆಯನ್ನು ಬೀಗರಿಗೆ ಕಳಿಸಿದ್ದು ಮಾವನ ಫೋನಿನಿಂದಲೇ. ಹಾಗಾಗಿ ಗಂಡಿನ ದೊಡ್ಡಪ್ಪ ಕರಿಯಪ್ಪನವರು ಆ ಸ್ಟೇಟಸ್ಸನ್ನು ಎಲ್ಲರಿಗಿಂತ ಮೊದಲು ನೋಡಿದರು.

ನಮ್ಮಲ್ಲಿ ಹೆಣ್ಣಿನ ಕೈ ಹಿಡಿದು ಹಸೆಗೆ ಕರೆತರುವವನು ಸೋದರಮಾವ. ಸುಮಾ ಹುಟ್ಟಿದಾಗಿನಿಂದ ಮಾವ ಕಾದಿದ್ದದ್ದು ಅದೊಂದಕ್ಕೆ. ಕರಿಯಪ್ಪನವರು ಆ ಭಾನುವಾರ ಅಜ್ಜಿಮನೆಗೆ ಬಂದು ಹೇಳಿದ್ದು ಇಷ್ಟೇ: "ಜಗಳಕ್ಕೆ ಬಂದಿಲ್ರಪ್ಪ. ತಮಾಷೆಗೆ ಹಾಕಿದ್ದು ಅಂತ ಕಂಬಳಿ ಮ್ಯಾಲೆ ಕುಂತು ಒಂದು ಮಾತು ಹೇಳ್ಲಿ, ಮುಗೀತು. ಇಲ್ಲಾಂದ್ರೆ ಮದುವೆಗೆ ಅವನು ಬ್ಯಾಡ."

ನಮ್ಮದು ಕುರಿ ಕಾಯುವ ಮನೆತನ. ತಕರಾರು ಬಂದರೆ ಕರಿ ಕಂಬಳಿ ಹಾಸುತ್ತೇವೆ. ಅದರ ಮೇಲೆ ಕೂತವನು ಸುಳ್ಳು ಹೇಳುವಂತಿಲ್ಲ. ಅವನು ತಾನಾಗಿ ಏಳುವವರೆಗೆ ಮಿಕ್ಕವರು ಬಾಯಿ ಹಾಕುವಂತಿಲ್ಲ, ಜಾಗ ಬಿಡುವಂತಿಲ್ಲ. ಓದುವ ಚಟದವನಿಗೆ ಇಂಥ ಕಂಬಳಿ ಹಾಸಬಹುದೇ? ಹಿರಿಯರು ಹಾಸಿಬಿಟ್ಟರು!

ಮಾವ ಬಂದು ಕೂತ. ಚೀಲದಿಂದ ಪುಸ್ತಕ ತೆಗೆದ. ಓದಲು ಶುರುಮಾಡಿದ.

ರೈಲು ಹಳಿಯ ಕೆಲಸ ಮಾಡುವ ಇಬ್ಬರು ಗಂಡಸರ ಕಥೆ ಅದು. ಒಂದೇ ಕೋಣೆ, ಒಂದೇ ಒಲೆ. ಒಬ್ಬನಿಗೆ ದೂರದ ಊರಿಗೆ ವರ್ಗವಾಗುತ್ತದೆ. ಅವನ ಊಟದ ಡಬ್ಬಿ ತೊಳೆಯಲು ಬಿದ್ದದ್ದು ಹಾಗೇ ಉಳಿದುಬಿಟ್ಟಿದೆ. ಇನ್ನೊಬ್ಬ ಅದನ್ನು ತೊಳೆದುಕೊಂಡು ಸ್ಟೇಷನ್ನಿಗೆ ಓಡುತ್ತಾನೆ. ಕರಿಯಪ್ಪನವರು ಮೊದಲು ಸೂರು ನೋಡಿದರು. ಆಮೇಲೆ ತಮ್ಮ ಕಾಲ್ಬೆರಳು ನೋಡಿದರು. ಆಮೇಲೆ ಮಾವನ ಬಾಯನ್ನೇ ನೋಡತೊಡಗಿದರು. ಮಾವ ನೀರು ಕುಡಿಯಲು ನಿಲ್ಲಿಸಿದ.

"ರೈಲು ಹೋತೇನ್ಲೇ?" ಅಂದುಬಿಟ್ಟರು ಕರಿಯಪ್ಪನವರು.

ಕಂಬಳಿಯ ಕಟ್ಟಳೆ ಮುರಿದದ್ದು ಬೀಗರ ಹಿರಿಯರೇ! ಅಡುಗೆಮನೆಯೊಳಗಿಂದ ಸುಮಾ ಕಿಸಕ್ಕನೆ ನಕ್ಕಳು. ನಾನೂ ನಕ್ಕೆ. ಅವತ್ತು ನಾವು ನಕ್ಕದ್ದು ಅದೇ ಕೊನೆ.

ಮಾವ ಪುಸ್ತಕ ಮುಚ್ಚಿದ.

"ಹೋತು," ಅಂದ. "ಅವನು ಹೇಳಬೇಕಾದ್ದು ಹೇಳೋದ್ರೊಳಗೆ ಹೋತು. ನಂದೂ ಹಂಗೇ ಒಂದ್ಸಲ ಹೋಗೈತೆ. ಹೆಣ್ಣು ಸಿಗದೆ ಉಳಿದೋನಲ್ಲ ನಾನು. ನನ್ನ ಮನಸ್ಸು ಗಂಡಸಿನ ಕಡೆ, ಮೊದಲಿಂದ್ಲೂ. ಸುಮಾನ ಕೈ ಹಿಡೀಬೇಕು ಅಂತ ನಂಗೆ ಎಷ್ಟು ಆಸೆ ಐತೆ ಅಂತ ನಿಮಗೆ ಗೊತ್ತಿಲ್ಲ. ಆದ್ರೆ ಇದ್ರ ಮ್ಯಾಲೆ ಕುಂತು ತಮಾಷೆ ಅಂತ ಹೇಳಲ್ಲ."

ಹೇಳಿದ್ದು ಮುಗಿದಿತ್ತು. ಅವನು ಏಳಬೇಕಿತ್ತು. ಎದ್ದರೆ ಹಿರಿಯರು ತೀರ್ಪು ಹೇಳುತ್ತಿದ್ದರು. ಅವನು ಏಳಲು ಎರಡೂ ಕೈ ನೆಲಕ್ಕೂರಿದ್ದನ್ನು ಕಂಡೆ. ಏಳಲಾಗಲಿಲ್ಲ. ಅಂಗಳದಲ್ಲಿ ಕಟ್ಟಿದ್ದ ಟಗರೊಂದು ಗೂಟಕ್ಕೆ ಕೊಂಬು ಉಜ್ಜುತ್ತಿತ್ತು.

ಆಗ ನನ್ನ ಪಕ್ಕದಿಂದ ಅಜ್ಜಿ ದಾಟಿಹೋದಳು. ಗೋಡೆ ಹಿಡಿದು ನಡೆಯುವವಳು, ಹಿಡಿಯದೆ ಹೋದಳು. ನಮ್ಮ ಮನೆಯಲ್ಲಿ ಹೆಂಗಸರು ಆ ಕಂಬಳಿ ತುಳಿದದ್ದನ್ನು ಅದುವರೆಗೆ ಯಾರೂ ಕಂಡಿರಲಿಲ್ಲ. ಅಜ್ಜಿ ಮಗನ ಪಕ್ಕ ಹೋಗಿ ಕೂತಳು. ಸೆರಗು ಸರಿಮಾಡಿಕೊಂಡಳು. ಅವನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

"ಈಗ ನಾನು ಕುಂತೀನಿ," ಅಂದಳು. "ನಾನು ಏಳೋಗಂಟ ಯಾರೂ ಮಾತಾಡಂಗಿಲ್ಲ. ನನ್ನ ಮೊಮ್ಮಗಳ ಕೈ ನನ್ನ ಮಗ ಹಿಡೀತಾನೆ. ಆಗಲ್ಲ ಅನ್ನೋರು ನಾನೆದ್ದ ಮ್ಯಾಲೆ ಹೇಳ್ರಿ."

ಅವಳು ಏಳಲೇ ಇಲ್ಲ. ಒಲೆಯ ಮೇಲಿನ ಸಾರು ಸೀದ ವಾಸನೆ ಬಂತು, ಯಾರೂ ಕದಲಲಿಲ್ಲ. ಬಿಸಿಲು ಹೊಸ್ತಿಲು ದಾಟಿ ಕಂಬಳಿಯ ಅಂಚಿಗೆ ಬಂತು. ಕೊನೆಗೆ ಕರಿಯಪ್ಪನವರು ಮಾತಾಡದೆ, ಕೂತಲ್ಲಿಂದ ಏಳದೆ, ಮುಂದಿದ್ದ ಎಲೆಯಡಿಕೆಯ ತಟ್ಟೆಯನ್ನು ಒಂದು ಬೆರಳಿನಿಂದ ಮೆಲ್ಲಗೆ ಮಾವನ ಕಡೆ ನೂಕಿದರು. ಬೀಗರು ಬೀಗರಿಗೆ ಕೊಡುವಂತೆ.

ಮದುವೆಯಲ್ಲಿ ಮಾವ ಸುಮಾಳ ಕೈ ಹಿಡಿದು ಹಸೆಗೆ ಕರೆತಂದ. ಅದನ್ನು ಊರೇ ನೋಡಿದೆ. ಆ ಭಾನುವಾರದ್ದನ್ನು ಕಂಡವರು ಕೆಲವರೇ. ಅಜ್ಜಿ ಮರುವರ್ಷ ತೀರಿಕೊಂಡಳು. ನಮ್ಮವ್ವ ಇದ್ದಾಳೆ, ಸುಮಾ ಇದ್ದಾಳೆ, ಕರಿಯಪ್ಪನವರು ಗಟ್ಟಿಮುಟ್ಟಾಗಿದ್ದಾರೆ, ಬೇಕಾದರೆ ಕೇಳಿ. ಮಾವನೂ ಇದ್ದಾನೆ. ಅವನನ್ನು ಮಾತ್ರ ಕೇಳಬೇಡಿ. ತಟ್ಟೆ ಸರಿದು ಬಂದಾಗ ಅವನು ಅಜ್ಜಿಯ ಹೆಗಲಲ್ಲಿ ಮುಖ ಇಟ್ಟಿದ್ದ, ಏನನ್ನೂ ಕಾಣಲಿಲ್ಲ.